ಬಡ್ತಿಯ ಮರುವರ್ಷ

2024ರಲ್ಲಿ ಬೆಂಗಳೂರಿನ ಒಂದು ಫುಟ್‌ಬಾಲ್ ತಂಡ ರಾಷ್ಟ್ರಮಟ್ಟದ ಐ-ಲೀಗ್‌ಗೆ ಬಡ್ತಿ ಪಡೆಯಿತು. ಮರುವರ್ಷವೇ ಕೆಳಗಿಳಿಯಿತು. ಎಸ್‌ಸಿ ಬೆಂಗಳೂರು ಎಂಬ ಆ ತಂಡ ಹತ್ತಿದ್ದೂ ಇಳಿದದ್ದೂ ತರಗುಪೇಟೆಯ ಮಂಡಿ ಸಾಲಿನಲ್ಲಾಗಲಿ, ಚಾಮರಾಜಪೇಟೆಯ ಹೋಟೆಲುಗಳಲ್ಲಾಗಲಿ ದೊಡ್ಡ ಮಾತಾಗಲಿಲ್ಲ. ಊರಿನ ಹೆಸರು ಹೊತ್ತ ತಂಡದ ಏಳುಬೀಳು ಊರಿಗೇ ಗೊತ್ತಾಗದೆ ಹೋಗುವುದು ನೋವಿನ ಸಂಗತಿ.

ಇದಕ್ಕೆ ಹಳೆಯ ಕಾರಣವೊಂದಿದೆ. ಫುಟ್‌ಬಾಲ್ ಬೆಂಗಳೂರಿಗೆ ಬಂದದ್ದು ಬ್ರಿಟಿಷ್ ದಂಡಿನ (ಕಂಟೋನ್ಮೆಂಟ್) ಸಿಪಾಯಿಗಳ ಜೊತೆ. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರದ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ಪೇಟೆಯ ಕಡೆ ಗರಡಿಮನೆಯಿತ್ತು, ಕಬಡ್ಡಿಯಿತ್ತು, ಆಮೇಲೆ ಕ್ರಿಕೆಟ್ ಬಂತು. 1949ರಲ್ಲಿ ದಂಡು ಮತ್ತು ಪೇಟೆಗಳ ಆಡಳಿತ ಒಂದೇ ನಗರಪಾಲಿಕೆಯಾಯಿತು. ಆಟದ ಗಡಿ ಮಾತ್ರ ಅಷ್ಟು ಸುಲಭವಾಗಿ ಅಳಿಸಿಹೋಗಲಿಲ್ಲ.

ಆದರೂ ಹೆಮ್ಮೆ ಇಡೀ ಊರಿನದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಾಗ, ಸೋತದ್ದು ಆಗ ಕಲ್ಕತ್ತೆಯನ್ನೇ ಆಳುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. 1946ರ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಸಂಸ್ಥಾನದ ತಂಡ ಬಂಗಾಳವನ್ನು ಮಣಿಸಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಂದು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿ 1–2ರಿಂದ ಸೋತರು.

ಬಡ್ತಿಯ ಕಥೆಗೆ ಬರೋಣ. ನಮ್ಮ ಕಾಲೇಜು ಫುಟ್‌ಬಾಲ್‌ನಲ್ಲಿ ಮೇಲಿನ ಡಿವಿಷನ್, ಕೆಳಗಿನ ಡಿವಿಷನ್ ಎಂಬುದಿಲ್ಲ. ಅಂತರಕಾಲೇಜು ಟೂರ್ನಿ ಪ್ರತಿವರ್ಷವೂ ಹೊಸದಾಗಿ ಶುರು. ಈ ವರ್ಷ ಗೆದ್ದವರು ಮುಂದಿನ ವರ್ಷ ಮತ್ತೆ ಎಲ್ಲರ ಜೊತೆಗೇ ನಿಲ್ಲಬೇಕು. ಮೆಟ್ಟಿಲು ಹತ್ತಬೇಕೆಂದರೆ ಹುಡುಗ ಕ್ಲಬ್ ಸೇರಬೇಕು. ಸಿ, ಬಿ, ಎ, ಅದರ ಮೇಲೆ ಸೂಪರ್ ಡಿವಿಷನ್: ಬೆಂಗಳೂರು ಲೀಗಿನ ಏಣಿ ಇದು. ಅಲ್ಲಿಂದಾಚೆಗೆ ದೇಶದ ಲೀಗು.

ಆ ಏಣಿ ಹತ್ತಿದವರಲ್ಲಿ ನನಗೆ ಅತ್ಯಂತ ಪ್ರಿಯವಾದ ತಂಡ ಎಚ್‌ಎಎಲ್. ವಿಮಾನ ಕಾರ್ಖಾನೆಯ ತಂಡ, ಕಾರ್ಖಾನೆಯ ಸಂಬಳ. 2010ರಲ್ಲಿ ಎರಡನೇ ಡಿವಿಷನ್‌ನಿಂದ ಐ-ಲೀಗ್‌ಗೆ ಬಡ್ತಿ ಸಿಕ್ಕಿತು. ಎದುರಾಳಿಗಳ ಮುಂಚೂಣಿಯಲ್ಲಿ ಡೆಂಪೊದ ರಾಂಟಿ ಮಾರ್ಟಿನ್ಸ್, ಚರ್ಚಿಲ್ ಬ್ರದರ್ಸ್‌ನ ಒಡಾಫಾ ಒಕೋಲಿ ಅಂಥ ವಿದೇಶಿ ಗೋಲುಗಾರರು. ಎಚ್‌ಎಎಲ್ ಕಡೆ ಇದ್ದವರೆಲ್ಲ ಭಾರತೀಯರೇ. ತರಬೇತುದಾರ ಆರ್. ತ್ಯಾಗರಾಜನ್. ಮೊದಲ ಋತುವಿನಲ್ಲೇ ಇವರು ಬಿದ್ದುಹೋಗುತ್ತಾರೆ ಎಂದು ಯಾರಾದರೂ ಹೇಳಿದ್ದರೆ ತಪ್ಪೆನ್ನುವಂತಿರಲಿಲ್ಲ. ಆದರೆ 14 ತಂಡಗಳ ಲೀಗಿನಲ್ಲಿ ಎಚ್‌ಎಎಲ್ 12ನೆಯದಾಗಿ ಉಳಿದುಕೊಂಡಿತು. ಜೊತೆಯಲ್ಲೇ ಬಡ್ತಿ ಪಡೆದಿದ್ದ ಒಎನ್‌ಜಿಸಿ ಇಳಿಯಿತು. ಅದಕ್ಕಿಂತ ದೊಡ್ಡ ಸುದ್ದಿ, ದೇಶದ ಮೊದಲ ರಾಷ್ಟ್ರೀಯ ಲೀಗ್ ಗೆದ್ದಿದ್ದ ಪಂಜಾಬಿನ ಜೆಸಿಟಿಯೂ ಕೆಳಗೆ ಜಾರಿ, 2011ರಲ್ಲಿ ತಂಡವನ್ನೇ ಮುಚ್ಚಿಬಿಟ್ಟಿತು. ಪಟ್ಟಿಯಲ್ಲಿ 12 ಎಂದರೆ ಕಣ್ಣಿಗೆ ಸಣ್ಣ ಸ್ಥಾನ. ಬೆಂಗಳೂರಿನ ಫುಟ್‌ಬಾಲ್ ಇತಿಹಾಸದಲ್ಲಿ ಅದನ್ನು ನಾನು ಒಂದು ಕಪ್‌ಗೆ ಸಮನಾಗಿ ಎಣಿಸುತ್ತೇನೆ.

ಎರಡನೇ ವರ್ಷ ಎಚ್‌ಎಎಲ್ ಸೋತು ಇಳಿಯಿತು. ಕಾರ್ಖಾನೆಯ ತಂಡಗಳ ಕಾಲವೂ ಅಲ್ಲಿಗೆ ಹೆಚ್ಚುಕಡಿಮೆ ಮುಗಿದಿತ್ತು.

ನಂತರ ಬಂದದ್ದು ಬೇರೆ ದಾರಿ. 2013ರ ಜುಲೈನಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಕೆಳಗಿನ ಡಿವಿಷನ್‌ಗಳನ್ನು ಹತ್ತಲೇ ಇಲ್ಲ. ಜೆಎಸ್‌ಡಬ್ಲ್ಯು ಬಂಡವಾಳದ ಬಲದಿಂದ ನೇರವಾಗಿ ಐ-ಲೀಗ್ ಪ್ರವೇಶಿಸಿತು. ಆ್ಯಶ್ಲಿ ವೆಸ್ಟ್‌ವುಡ್ ಗರಡಿಯಲ್ಲಿ, ಸುನಿಲ್ ಛೆಟ್ರಿ ನಾಯಕತ್ವದಲ್ಲಿ ಮೊದಲ ವರ್ಷವೇ ಲೀಗ್ ಗೆದ್ದಿತು. ಅಶೋಕನಗರದ ಕ್ರೀಡಾಂಗಣಕ್ಕೆ ಜನ ಹಿಂಡುಗಟ್ಟಿ ಬಂದರು. ಆಮೇಲೆ ತಂಡ ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೇರಿ, 2019ರ ಮಾರ್ಚ್‌ನಲ್ಲಿ ಅದರ ಕಿರೀಟವನ್ನೂ ತಂದಿತು. ಕ್ಲಬ್ಬನ್ನು ಚೊಕ್ಕವಾಗಿ ನಡೆಸಿದರೆ ಬೆಂಗಳೂರಿನ ಜನ ಫುಟ್‌ಬಾಲ್‌ಗೆ ಬರುತ್ತಾರೆ ಎಂಬುದನ್ನು ಆ ತಂಡ ತೋರಿಸಿಕೊಟ್ಟಿತು. ಆ ಋಣ ದೊಡ್ಡದು.

ಎಸ್‌ಸಿ ಬೆಂಗಳೂರು ಮತ್ತೆ ಹಳೆಯ ದಾರಿ ಹಿಡಿಯಿತು. 2023–24ರ ಐ-ಲೀಗ್ 2 ಗೆದ್ದು, ಗೋವಾದ ಡೆಂಪೊ ಜೊತೆ ಮೇಲೇರಿತು. ಮುಂದಿನ ಋತುವಿನಲ್ಲಿ 12 ತಂಡ, 22 ಪಂದ್ಯ. ಶಿಲ್ಲಾಂಗ್, ಐಜಾಲ್, ಶ್ರೀನಗರದವರೆಗೂ ಪ್ರಯಾಣ. ಕೆಳಗಿನ ಲೀಗಿನಲ್ಲಿ ಗೆದ್ದ ಆಟ ಇಲ್ಲಿ ಸಾಲಲಿಲ್ಲ. ಡೆಂಪೊ ಉಳಿಯಿತು, ಬೆಂಗಳೂರು ತಂಡ ದೆಹಲಿ ಎಫ್‌ಸಿ ಜೊತೆ ಇಳಿಯಿತು. ಡೆಂಪೊ ಹಿಂದೆ ಗೋವಾದ ಊರೂರುಗಳ ಆಟವಿದೆ, ಹಳೆಯ ಕ್ಲಬ್ಬಿನ ಅನುಭವವಿದೆ. ಹತ್ತಲು ಒಂದು ಒಳ್ಳೆಯ ವರ್ಷ ಸಾಕು. ನಿಲ್ಲಲು ಕೆಳಗಿನಿಂದ ಹುಡುಗರು ಬರುತ್ತಲೇ ಇರಬೇಕು.

ಆ ಹುಡುಗರು ಪೇಟೆಯಿಂದಲೂ ಬರಬೇಕು. ಕೋಟೆ ಹೈಸ್ಕೂಲು ತರಗುಪೇಟೆಗೆ ಕೂಗಳತೆಯಲ್ಲಿದೆ. ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜಿನ ಮೈದಾನವಿದೆ. 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ತಂದಿದೆ. ಮಕ್ಕಳಿಗೆ ತೋರಿಸಲು ಮಾದರಿಗೆ ಕೊರತೆಯಿಲ್ಲ. ಶಾಲೆ ಕಾಲೇಜುಗಳ ಆಡಳಿತದವರು ವಾರದಲ್ಲಿ ಕೆಲವು ಸಂಜೆಯಾದರೂ ಮೈದಾನವನ್ನು ಫುಟ್‌ಬಾಲ್‌ಗೆ ಬಿಟ್ಟುಕೊಡಲಿ. ಓದುಗರೇ, ಈ ಸಲ ಸೂಪರ್ ಡಿವಿಷನ್ ಪಂದ್ಯಗಳು ಶುರುವಾದಾಗ ಮನೆಯ ಮಕ್ಕಳನ್ನು ಕರೆದುಕೊಂಡು ಒಂದು ಪಂದ್ಯವನ್ನಾದರೂ ನೋಡಿ ಬನ್ನಿ.