ಟೆಕ್ಸಾಸ್ ಮತಪತ್ರದಲ್ಲಿ ಎರಡು ಸಲ ಬಂದ ಹೆಸರು

1988ರ ನವೆಂಬರ್ 8ರಂದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಮತ ಹಾಕಲು ಹೋದವರಿಗೆ ಲಾಯ್ಡ್ ಬೆಂಟ್ಸನ್ ಎಂಬ ಹೆಸರು ಎರಡು ಕಡೆ ಕಂಡಿತು. ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಅವರ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ಒಂದು ಸಲ, ಸೆನೆಟ್ ಸ್ಥಾನಕ್ಕೆ ಇನ್ನೊಂದು ಸಲ. ಹೀಗೆ ಎರಡಕ್ಕೂ ಒಟ್ಟಿಗೆ ನಿಲ್ಲಲು ಆ ರಾಜ್ಯದ ಕಾನೂನು ಬಿಡುತ್ತದೆ. 1959ರಲ್ಲಿ ಅಲ್ಲಿನ ಸೆನೆಟರ್ ಲಿಂಡನ್ ಜಾನ್ಸನ್ ಅವರ ಅನುಕೂಲಕ್ಕೆಂದೇ ತಿದ್ದಿದ ಕಾನೂನು ಅದು. ಎಣಿಕೆ ಮುಗಿದಾಗ ಸೆನೆಟ್ ಸ್ಥಾನವನ್ನು ಬೆಂಟ್ಸನ್ ಶೇ 59ರಷ್ಟು ಮತ ಪಡೆದು ಉಳಿಸಿಕೊಂಡಿದ್ದರು. ಅದೇ ಜನ ಅದೇ ದಿನ ಡುಕಾಕಿಸ್–ಬೆಂಟ್ಸನ್ ಜೋಡಿಗೆ ಕೊಟ್ಟದ್ದು ಶೇ 43 ಮಾತ್ರ. ರಾಜ್ಯ ರಿಪಬ್ಲಿಕನ್ ಅಭ್ಯರ್ಥಿ ಜಾರ್ಜ್ ಬುಷ್ ಪಾಲಾಯಿತು.

ಅಮೆರಿಕದ ಚುನಾವಣೆ ಬಂದಾಗಲೆಲ್ಲ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ಉಪಾಧ್ಯಕ್ಷ ಅಭ್ಯರ್ಥಿಯನ್ನು, ಅಲ್ಲಿನವರು ರನ್ನಿಂಗ್ ಮೇಟ್ ಎನ್ನುವ ಜೊತೆಗಾರರನ್ನು, ಯಾವ ರಾಜ್ಯದಿಂದ ಆರಿಸುತ್ತಾರೋ ಆ ರಾಜ್ಯ ಕೈಗೆ ಬಂದಂತೆ ಎಂಬುದು ಒಂದು. ಎದುರಾಳಿಯ ಮೇಲೆ ಕೆಸರೆರಚಿದವರೇ ಗೆಲ್ಲುತ್ತಾರೆ ಎಂಬುದು ಇನ್ನೊಂದು. ಎರಡೂ ಅಳೆದು ನೋಡಬಹುದಾದ ಹೇಳಿಕೆಗಳು. ರಾಜ್ಯಶಾಸ್ತ್ರಜ್ಞರೂ ಮನೋವಿಜ್ಞಾನಿಗಳೂ ದಶಕಗಟ್ಟಲೆ ಅಳೆದಿದ್ದಾರೆ. ಸಿಕ್ಕಿದ ಉತ್ತರ ಚುನಾವಣಾ ಪಂಡಿತರ ಮಾತಿಗಿಂತ ತುಂಬ ಬೇರೆ. ಅದನ್ನು ತಿಳಿಯಲು 1988ಕ್ಕಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ, ಏಕೆಂದರೆ ಎರಡು ನಂಬಿಕೆಗೂ ಜನ ಅದನ್ನೇ ಸಾಕ್ಷಿ ಹೇಳುತ್ತಾರೆ.

ಮೊದಲು ಜೊತೆಗಾರರ ವಿಷಯ. ಅಮೆರಿಕದ ಸಂವಿಧಾನ ಬರೆದವರ ಕಲ್ಪನೆಯಲ್ಲಿ ಈ ಜೋಡಿಯೇ ಇರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಎರಡನೆಯವರಾಗಿ ಬಂದವರೇ ಉಪಾಧ್ಯಕ್ಷರು. ಅದರಿಂದ 1796ರಲ್ಲಿ ಜಾನ್ ಆಡಮ್ಸ್ ಅಧ್ಯಕ್ಷರಾಗಿ, ಅವರ ಕಡು ಪ್ರತಿಸ್ಪರ್ಧಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾಗಿ ನಾಲ್ಕು ವರ್ಷ ಎದುರುಬದುರು ಕೂರಬೇಕಾಯಿತು. 1804ರ ಹನ್ನೆರಡನೇ ತಿದ್ದುಪಡಿ ಎರಡು ಹುದ್ದೆಗೂ ಬೇರೆ ಬೇರೆ ಮತ ತಂದಿತು. ಆಮೇಲೆ ಪಕ್ಷಗಳು ಇಬ್ಬರನ್ನು ಸೇರಿಸಿ ಒಂದು ಟಿಕೆಟ್ ಮಾಡುವ ಪದ್ಧತಿ ಬೇರೂರಿತು. ಉತ್ತರದವರಿಗೆ ದಕ್ಷಿಣದವರು, ಯುವಕರಿಗೆ ಹಿರಿಯರು ಎಂಬ ಲೆಕ್ಕಾಚಾರ ಅದರ ಹಿಂದೆಯೇ ಬಂತು. 1960ರಲ್ಲಿ ಮ್ಯಾಸಚೂಸೆಟ್ಸ್‌ನ ಜಾನ್ ಕೆನೆಡಿ ಟೆಕ್ಸಾಸ್‌ನ ಜಾನ್ಸನ್‌ರನ್ನು ಕರೆದುಕೊಂಡರು, ಟೆಕ್ಸಾಸ್ ಸುಮಾರು 46 ಸಾವಿರ ಮತಗಳ ಅಂತರದಲ್ಲಿ ಅವರಿಗೆ ಒಲಿಯಿತು. ಮ್ಯಾಸಚೂಸೆಟ್ಸ್‌ನವರೇ ಆದ ಡುಕಾಕಿಸ್ 28 ವರ್ಷಗಳ ನಂತರ ಅದೇ ದಾರಿ ಹಿಡಿದರು.

ಹಾಗಾದರೆ ಬೆಂಟ್ಸನ್ ಏನೂ ತಂದುಕೊಡಲಿಲ್ಲವೇ? ಲೆಕ್ಕ ಹಾಕಿ ನೋಡೋಣ. 1984ರಲ್ಲಿ ಡೆಮಾಕ್ರಟಿಕ್ ಪಕ್ಷಕ್ಕೆ ಟೆಕ್ಸಾಸ್‌ನಲ್ಲಿ ಸಿಕ್ಕಿದ್ದು ಶೇ 36. 1988ರಲ್ಲಿ ಅದು ಶೇ 43ಕ್ಕೆ ಏರಿತು, ಅಂದರೆ ಸುಮಾರು 7 ಅಂಶಗಳ ಏರಿಕೆ. ಆದರೆ ಇಡೀ ದೇಶದಲ್ಲೇ ಆ ಪಕ್ಷ 5 ಅಂಶ ಮೇಲೇರಿತ್ತು. ಉಳಿದ ಎರಡು ಅಂಶ ಬೆಂಟ್ಸನ್ ಅವರದು ಎನ್ನಬಹುದೇ? ಅವಸರ ಬೇಡ. ಅದೇ ಹೊತ್ತಿಗೆ ಅಯೋವಾ ರಾಜ್ಯದಲ್ಲಿ ಪಕ್ಷ ಸುಮಾರು 9 ಅಂಶ ಏರಿತ್ತು, ಅಲ್ಲಿಂದ ಯಾವ ಜೊತೆಗಾರರೂ ಇರಲಿಲ್ಲ. ಎಂಬತ್ತರ ದಶಕದ ಕೃಷಿ ಬಿಕ್ಕಟ್ಟು ಅಯೋವಾದ ರೈತರನ್ನು ಹಣ್ಣುಗಾಯಿ ಮಾಡಿತ್ತು. ಟೆಕ್ಸಾಸ್‌ನಲ್ಲೂ 1986ರ ತೈಲ ಬೆಲೆ ಕುಸಿತದ ಪೆಟ್ಟು ಇನ್ನೂ ಮಾಸಿರಲಿಲ್ಲ. ಸಾಲದ್ದಕ್ಕೆ ಎದುರಾಳಿ ಬುಷ್ ಕೂಡ ಟೆಕ್ಸಾಸ್‌ನವರೇ. ಆ ಎರಡು ಅಂಶದಲ್ಲಿ ತೈಲದ ಪಾಲೆಷ್ಟು, ಬೆಂಟ್ಸನ್ ಪಾಲೆಷ್ಟು?

ಬೆಂಟ್ಸನ್ ಇಲ್ಲದ 1988ರ ಟೆಕ್ಸಾಸ್ ಎಲ್ಲೂ ಇಲ್ಲ, ಹೋಲಿಸಿ ನೋಡಲು. ಈ ತೊಡಕಿಗೆ ಬೋರಿಸ್ ಹೀರ್ಸಿಂಕ್ ಮತ್ತು ಬ್ರೆಂಟನ್ ಪೀಟರ್ಸನ್ ಎಂಬ ಸಂಶೋಧಕರು 2016ರಲ್ಲಿ ಒಂದು ಜಾಣ ಉಪಾಯ ಮಾಡಿದರು. ಉಪಾಧ್ಯಕ್ಷ ಅಭ್ಯರ್ಥಿಯ ತವರು ರಾಜ್ಯ ಹಿಂದಿನ ಚುನಾವಣೆಗಳಲ್ಲಿ ಹೇಗೆ ನಡೆದುಕೊಂಡಿತ್ತೋ ಹಾಗೆಯೇ ನಡೆದುಕೊಳ್ಳುವಂತೆ ಬೇರೆ ಬೇರೆ ರಾಜ್ಯಗಳನ್ನು ಅಳತೆ ನೋಡಿ ಬೆರೆಸಿದರು. ಸಾರಿನಪುಡಿಗೆ ಕೊತ್ತಂಬರಿ ಇಷ್ಟು, ಮೆಣಸು ಇಷ್ಟು ಎಂದು ಹದ ಹಿಡಿಯುವ ಹಾಗೆ. ಹೀಗೆ ಸಿದ್ಧವಾದ ಕೃತಕ ರಾಜ್ಯಕ್ಕೂ ನಿಜವಾದ ರಾಜ್ಯಕ್ಕೂ ಆ ವರ್ಷ ಬಂದ ಅಂತರವೇ ಜೊತೆಗಾರರ ಕೊಡುಗೆ. 1884ರಿಂದ 2012ರವರೆಗಿನ ಚುನಾವಣೆಗಳನ್ನು ಹೀಗೆ ಸೋಸಿದಾಗ ಸರಾಸರಿ 2.7 ಅಂಶಗಳ ಲಾಭ ಕಂಡಿತು. ಕ್ರಿಸ್ಟೊಫರ್ ಡಿವೈನ್ ಮತ್ತು ಕೈಲ್ ಕಾಪ್ಕೊ ಅದೇ ವರ್ಷ ತಂದ ಪುಸ್ತಕದಲ್ಲಿ ಬೇರೆ ವಿಧಾನಗಳನ್ನು ಬಳಸಿ, ಸರಾಸರಿ ಲಾಭ ಹೆಚ್ಚುಕಡಿಮೆ ಸೊನ್ನೆ ಎಂದರು. ಚಿಕ್ಕ ರಾಜ್ಯ, ಅಲ್ಲಿ ಬಹುಕಾಲ ರಾಜಕಾರಣ ಮಾಡಿದ ವ್ಯಕ್ತಿ, ಈ ಎರಡೂ ಕೂಡಿಬಂದ ಕಡೆ ಮಾತ್ರ ಅವರಿಗೆ ಲಾಭ ಕಂಡಿತು. ಆದರೆ ಫಲಿತಾಂಶ ತೂಗುಯ್ಯಾಲೆಯಲ್ಲಿರುವ ರಾಜ್ಯಗಳು ಚಿಕ್ಕವಾಗಿರುವುದು ಅಪರೂಪ. ಎರಡು ತಂಡಗಳ ಅಂಕಿ ಹೊಂದುವುದಿಲ್ಲ. ದೊಡ್ಡ ಅಂಕಿಯನ್ನೇ ಒಪ್ಪಿದರೂ ಅದು ಟೆಕ್ಸಾಸ್‌ನಲ್ಲಿ ಬುಷ್‌ಗಿದ್ದ ಶೇ 12ರಷ್ಟು ಮುನ್ನಡೆಯನ್ನು ಮುಟ್ಟುವಂಥದ್ದಲ್ಲ.

ಜೊತೆಗಾರರ ಆಯ್ಕೆಗೆ ಅರ್ಥವೇ ಇಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಡಿವೈನ್ ಮತ್ತು ಕಾಪ್ಕೊ 2020ರಲ್ಲಿ ತಂದ ಇನ್ನೊಂದು ಪುಸ್ತಕದ ವಾದ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಮತದಾರರು ಉಪಾಧ್ಯಕ್ಷ ಅಭ್ಯರ್ಥಿಗಾಗಿ ಮತ ಹಾಕುವುದಿಲ್ಲ, ಆದರೆ ಆ ಆಯ್ಕೆಯನ್ನು ನೋಡಿ ಆರಿಸಿದವರ ವಿವೇಕವನ್ನು ಅಳೆಯುತ್ತಾರೆ. ಅಧ್ಯಕ್ಷರಾಗುವ ಮೊದಲು ಜನರ ಕಣ್ಣೆದುರು ಆ ಅಭ್ಯರ್ಥಿ ಮಾಡುವ ಮೊದಲ ದೊಡ್ಡ ನೇಮಕ ಇದು. 2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅವರು ಅಲಾಸ್ಕಾದ ರಾಜ್ಯಪಾಲೆ ಸಾರಾ ಪೇಲಿನ್‌ರನ್ನು ಆರಿಸಿದಾಗ ಸಭೆಗಳು ಕಿಕ್ಕಿರಿದವು. ಸಂದರ್ಶನಗಳಲ್ಲಿ ಅವರು ತಡವರಿಸತೊಡಗಿದ ಮೇಲೆ ಪ್ರಶ್ನೆ ಮೆಕೇನ್ ಕಡೆಗೆ ತಿರುಗಿತು.

ಇದಕ್ಕಿಂತ ಕಹಿಯಾದ ಪ್ರಕರಣ 1972ರದು. ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಕೇಳಿದವರೆಲ್ಲ ಒಬ್ಬರ ಹಿಂದೊಬ್ಬರು ಒಲ್ಲೆ ಎಂದರು. ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್‌ರನ್ನು ಅಧಿವೇಶನದ ಕೊನೆಯ ಗಳಿಗೆಯಲ್ಲಿ ದೂರವಾಣಿಯಲ್ಲೇ ಒಪ್ಪಿಸಿದರು. ಅರವತ್ತರ ದಶಕದಲ್ಲಿ ಅವರು ಖಿನ್ನತೆಗಾಗಿ ಮೂರು ಬಾರಿ ಆಸ್ಪತ್ರೆ ಸೇರಿದ್ದು, ವಿದ್ಯುತ್ ಆಘಾತ ಚಿಕಿತ್ಸೆ ಪಡೆದದ್ದು ಕೆಲವೇ ದಿನಗಳಲ್ಲಿ ಬಯಲಾಯಿತು. ಮೆಕ್‌ಗವರ್ನ್ ಮೊದಲು ತಾವು ಸಾವಿರ ಪ್ರತಿಶತ ಅವರ ಬೆನ್ನಿಗಿದ್ದೇವೆ ಎಂದರು, ಹದಿನೆಂಟನೇ ದಿನ ಕೈಬಿಟ್ಟರು. ಚಿಕಿತ್ಸೆ ಪಡೆದು ಚೇತರಿಸಿಕೊಂಡ ಮನುಷ್ಯನನ್ನು ಹಾಗೆ ಹೊರಹಾಕಿದ್ದು ಅನ್ಯಾಯವೆಂದೇ ನಾನು ಎಣಿಸುತ್ತೇನೆ. ಈಗಲ್ಟನ್ ಮತ್ತೆ ಎರಡು ಸಲ ಸೆನೆಟ್‌ಗೆ ಗೆದ್ದರು. ಮೆಕ್‌ಗವರ್ನ್ ಮಾತ್ರ ಐವತ್ತರಲ್ಲಿ 49 ರಾಜ್ಯಗಳನ್ನು ಸೋತರು. ಎದುರಾಳಿ ರಿಚರ್ಡ್ ನಿಕ್ಸನ್ ಆಗಲೇ ಬಹಳ ಮುಂದಿದ್ದರಿಂದ ಸೋಲಿಗೆ ಇದೊಂದೇ ಕಾರಣವಲ್ಲ. ಆದರೂ ತೆರಿಗೆ ಪತ್ರ, ವೈದ್ಯಕೀಯ ದಾಖಲೆ, ಹಳೆಯ ಭಾಷಣ ಎಲ್ಲವನ್ನೂ ವಕೀಲರು ವಾರಗಟ್ಟಲೆ ಜಾಲಾಡುವ ಇಂದಿನ ಪದ್ಧತಿ ಗಟ್ಟಿಯಾದದ್ದು ಆ ಪೆಟ್ಟಿನ ನಂತರ.

ಇನ್ನು ಕೆಸರಿನ ವಿಷಯ. 1988ರ ಜುಲೈನಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಡುಕಾಕಿಸ್ 17 ಅಂಶ ಮುಂದಿದ್ದರು. ನವೆಂಬರ್‌ನಲ್ಲಿ ಬುಷ್ 40 ರಾಜ್ಯ ಗೆದ್ದರು. ನಡುವೆ ಬಂದದ್ದು ವಿಲಿ ಹಾರ್ಟನ್ ಜಾಹೀರಾತು. ಕೊಲೆ ಅಪರಾಧಿ ಹಾರ್ಟನ್, ಮ್ಯಾಸಚೂಸೆಟ್ಸ್ ಜೈಲಿನಿಂದ ವಾರಾಂತ್ಯದ ರಜೆ ಮೇಲೆ ಹೊರಬಂದು ತಪ್ಪಿಸಿಕೊಂಡು, ಮೇರಿಲ್ಯಾಂಡ್‌ನಲ್ಲಿ ಅತ್ಯಾಚಾರ ಎಸಗಿದ್ದ. ಆ ರಜೆಯ ಪದ್ಧತಿ ಶುರುವಾದದ್ದು ಹಿಂದಿನ ರಿಪಬ್ಲಿಕನ್ ರಾಜ್ಯಪಾಲರ ಕಾಲದಲ್ಲಿ, ಆಮೇಲೆ ಅಲ್ಲಿನ ರಾಜ್ಯಪಾಲರಾದ ಡುಕಾಕಿಸ್ ಅದನ್ನು ಮುಂದುವರಿಸಿದ್ದರು. ಹಾರ್ಟನ್‌ನ ಫೋಟೊ ತೋರಿಸಿದ ಜಾಹೀರಾತು ಬುಷ್ ಪ್ರಚಾರ ತಂಡದ್ದಲ್ಲ, ಹೊರಗಿನ ಗುಂಪೊಂದರದು. ಬುಷ್ ತಂಡದ ಸ್ವಂತ ಜಾಹೀರಾತಿನಲ್ಲಿ ಆತನ ಹೆಸರೂ ಇಲ್ಲ, ಮುಖವೂ ಇಲ್ಲ. ಕಪ್ಪು ಬಿಳುಪು ಚಿತ್ರ. ಕೈದಿಗಳ ಸಾಲು ಸುತ್ತುಗೇಟಿನಲ್ಲಿ ಒಳಹೋಗಿ ಹಾಗೆಯೇ ಹೊರಬರುತ್ತದೆ. ಪೆರೋಲ್‌ಗೂ ಅರ್ಹರಲ್ಲದ ಕೊಲೆಗಾರರಿಗೆ ರಜೆ ಎಂದು ದನಿ ಹೇಳುತ್ತದೆ, ಆಮೇಲೆ ಪರದೆಯ ಮೇಲೆ 268 ಜನ ಪರಾರಿ ಎಂಬ ಅಕ್ಷರ ಮೂಡುತ್ತದೆ. ಆ 268ರಲ್ಲಿ ಬಹುತೇಕರು ಕೊಲೆಗಾರರೇ ಅಲ್ಲ. ಜಾಹೀರಾತು ಹಾಗೆಂದು ಹೇಳಿಯೂ ಇಲ್ಲ. ಕಿವಿ ಕೇಳಿದ್ದನ್ನೂ ಕಣ್ಣು ಕಂಡದ್ದನ್ನೂ ಸೇರಿಸಿ ಸುಳ್ಳು ಕಟ್ಟಿಕೊಳ್ಳುವ ಕೆಲಸ ನೋಡುಗರ ಮಿದುಳಿಗೆ ಬಿಟ್ಟಿತ್ತು.

ಮಿದುಳು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಕೆಟ್ಟ ಸುದ್ದಿಗೆ ನಾವು ಒಳ್ಳೆಯದಕ್ಕಿಂತ ಬೇಗ ಕಿವಿಗೊಡುತ್ತೇವೆ. ಅಪಾಯವನ್ನು ಕಡೆಗಣಿಸಿದ ಪ್ರಾಣಿಗೆ ಎರಡನೇ ಅವಕಾಶ ಸಿಗುವುದಿಲ್ಲ, ಹಣ್ಣಿನ ಮರವನ್ನು ಕಡೆಗಣಿಸಿದರೆ ನಾಳೆ ಇನ್ನೊಂದು ಸಿಗಬಹುದು ಎಂಬುದು ಇದಕ್ಕೆ ಕೊಡುವ ವಿಕಾಸವಾದದ ವಿವರಣೆ. ಸ್ಟುವರ್ಟ್ ಸೊರೋಕಾ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತವೂ ಸೇರಿ 17 ದೇಶಗಳ ಸಾವಿರಕ್ಕೂ ಹೆಚ್ಚು ಜನರಿಗೆ ಟಿವಿ ಸುದ್ದಿ ತೋರಿಸಿ ಬೆರಳಿನ ಚರ್ಮದ ಬೆವರನ್ನು ಅಳೆದರು. ಸರಾಸರಿಯಲ್ಲಿ ಕೆಟ್ಟ ಸುದ್ದಿಗೆ ಮೈ ಹೆಚ್ಚು ಸ್ಪಂದಿಸಿತು, ಮನುಷ್ಯರಿಂದ ಮನುಷ್ಯರಿಗೆ ಬಹಳ ವ್ಯತ್ಯಾಸವಿದ್ದರೂ.

ಆದರೆ ಬೆವರು ಮತವಲ್ಲ. ರಿಚರ್ಡ್ ಲಾವ್ ಮತ್ತು ಸಹೋದ್ಯೋಗಿಗಳು 2007ರಲ್ಲಿ 111 ಅಧ್ಯಯನಗಳನ್ನು ಒಟ್ಟಿಗೆ ಗುಡ್ಡೆಹಾಕಿ ಪರಿಶೀಲಿಸಿದರು. ದಾಳಿಯ ಪ್ರಚಾರ ನೆನಪಿನಲ್ಲಿ ಉಳಿಯುತ್ತದೆ, ನಿಜ. ಅದು ಮತ ಗೆದ್ದುಕೊಡುತ್ತದೆ ಎನ್ನಲು ಭರವಸೆಯ ಪುರಾವೆ ಸಿಗಲಿಲ್ಲ. ದಾಳಿಗೆ ತುತ್ತಾದವರ ಬಗ್ಗೆ ಅಭಿಪ್ರಾಯ ಕೊಂಚ ಇಳಿದರೆ ದಾಳಿ ಮಾಡಿದವರ ಬಗ್ಗೆಯೂ ಇಳಿಯುತ್ತದೆ. 2016ರ ಚುನಾವಣೆಯ ಸುತ್ತ 34 ಸಾವಿರ ಜನರ ಮೇಲೆ 49 ಜಾಹೀರಾತುಗಳನ್ನು ಪ್ರಯೋಗಿಸಿದ ಇನ್ನೊಂದು ತಂಡಕ್ಕೂ ಸಿಕ್ಕಿದ್ದು ಅಂಥದ್ದೇ ಉತ್ತರ: ಮತದ ಮೇಲಿನ ಪರಿಣಾಮ ಒಂದು ಅಂಶಕ್ಕಿಂತ ಕಡಿಮೆ, ಹೊಗಳಿಕೆಗೂ ತೆಗಳಿಕೆಗೂ ಗಮನಾರ್ಹ ವ್ಯತ್ಯಾಸವಿಲ್ಲ. ಆಗುವ ಪರಿಣಾಮವೂ ಬಾಳುವುದಿಲ್ಲ. 2006ರಲ್ಲಿ ಟೆಕ್ಸಾಸ್ ರಾಜ್ಯಪಾಲ ರಿಕ್ ಪೆರಿ ತಮ್ಮ ಟಿವಿ ಜಾಹೀರಾತುಗಳನ್ನು ಯಾವ ಊರಲ್ಲಿ ಯಾವಾಗ ಹಾಕಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲು ಸಂಶೋಧಕರಿಗೆ ಬಿಟ್ಟುಕೊಟ್ಟರು. ಜಾಹೀರಾತು ಬಂದ ಕೂಡಲೇ ಬೆಂಬಲ ಜಿಗಿಯಿತು, ವಾರ ಕಳೆಯುವಷ್ಟರಲ್ಲಿ ಇಳಿದೂ ಹೋಯಿತು.

ಇದನ್ನಿಟ್ಟುಕೊಂಡು 1988ರ ದಿನದರ್ಶಿ ನೋಡಬೇಕು. ಹಾರ್ಟನ್ ಜಾಹೀರಾತು ಬಂದದ್ದು ಸೆಪ್ಟೆಂಬರ್ ಕೊನೆಗೆ, ಸುತ್ತುಗೇಟಿನದು ಅಕ್ಟೋಬರ್‌ನಲ್ಲಿ. ಆದರೆ ರಿಪಬ್ಲಿಕನ್ ಅಧಿವೇಶನ ಮುಗಿದ ಆಗಸ್ಟ್ ಹೊತ್ತಿಗೇ ಬುಷ್ ಮುಂದೆ ಹೋಗಿದ್ದರು. ಆರ್ಥಿಕತೆ ಬೆಳೆಯುತ್ತಿತ್ತು, ಬುಷ್ ಅವರದೇ ಪಕ್ಷದ ಅಧ್ಯಕ್ಷ ರೊನಾಲ್ಡ್ ರೇಗನ್ ಜನಪ್ರಿಯರಾಗಿದ್ದರು. ಭಾಷಣಗಳಲ್ಲಿ ಬುಷ್ ಜೈಲಿನ ರಜೆಯ ಮಾತನ್ನು ಬೇಸಿಗೆಯಿಂದಲೇ ಎತ್ತುತ್ತಿದ್ದರು ಎಂಬುದನ್ನೂ ಹೇಳಲೇಬೇಕು. ಆದರೂ ಒಂದು ಜಾಹೀರಾತು ಚುನಾವಣೆಯನ್ನೇ ತಿರುಗಿಸಿತು ಎಂಬ ಕಥೆ ಈ ತಾರೀಕುಗಳ ಮುಂದೆ ನಿಲ್ಲುವುದಿಲ್ಲ.

ಆಡಿದ ಕಟು ಮಾತು ಎಷ್ಟು ಬೇಗ ಆರುತ್ತದೆ ಎಂಬುದಕ್ಕೆ ಜೊತೆಗಾರರ ಪಟ್ಟಿಯೇ ಸಾಕ್ಷಿ. 1980ರಲ್ಲಿ ರೇಗನ್ ಅವರ ಆರ್ಥಿಕ ನೀತಿಯನ್ನು ಮಾಟಮಂತ್ರವೆಂದು ಹಳಿದ ಬುಷ್ ಕೆಲವೇ ತಿಂಗಳಲ್ಲಿ ಅವರ ಉಪಾಧ್ಯಕ್ಷ ಅಭ್ಯರ್ಥಿಯಾದರು. 2019ರ ಜೂನ್‌ನ ಚರ್ಚಾವೇದಿಕೆಯಲ್ಲಿ ಜೋ ಬೈಡನ್‌ರನ್ನು ತೀಕ್ಷ್ಣವಾಗಿ ತರಾಟೆಗೆ ತೆಗೆದುಕೊಂಡ ಕಮಲಾ ಹ್ಯಾರಿಸ್, ಮುಂದಿನ ವರ್ಷದ ಆಗಸ್ಟ್‌ನಲ್ಲಿ ಬೈಡನ್ ಅವರ ಆಯ್ಕೆಯಾದರು. 2016ರಲ್ಲಿ ಡೊನಾಲ್ಡ್ ಟ್ರಂಪ್‌ರನ್ನು ಕಟುವಾಗಿ ಟೀಕಿಸಿದ್ದ ಜೆ.ಡಿ. ವ್ಯಾನ್ಸ್ 2024ರಲ್ಲಿ ಅವರ ಜೊತೆಗಾರರಾದರು.

ಆರದೆ ಉಳಿಯುವ ಹಾನಿ ಬೇರೆ ಕಡೆ ಇದೆ. ಸ್ಟೀಫನ್ ಆನ್ಸೊಲಾಬೆಹೆರೆ ಮತ್ತು ಶಾಂತೊ ಅಯ್ಯಂಗಾರ್ ತೊಂಬತ್ತರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರಯೋಗಾಲಯವನ್ನೇ ಮನೆಯ ಹಜಾರದಂತೆ ಸಜ್ಜುಗೊಳಿಸಿದರು. ಸೋಫಾ, ತಿಂಡಿ, ಟಿವಿ, ಸುದ್ದಿಯ ನಡುವೆ ಒಂದೇ ಜಾಹೀರಾತು. ಅದರ ಧಾಟಿ ದಾಳಿಯದ್ದಾದಾಗ ಮತ ಹಾಕುತ್ತೇನೆ ಎನ್ನುವವರು ಸುಮಾರು 5 ಅಂಶ ಕಡಿಮೆಯಾದರು. ನಂತರದ ಸಂಶೋಧನೆ ಮತದಾನದ ಕುಸಿತವನ್ನು ಎತ್ತಿಹಿಡಿಯಲಿಲ್ಲ, ಆದರೆ ಲಾವ್ ಅವರ 111 ಅಧ್ಯಯನಗಳಲ್ಲಿ ಸರ್ಕಾರದ ಮೇಲಿನ ನಂಬಿಕೆ ಮತ್ತು ನನ್ನ ಮತದಿಂದ ಏನಾದರೂ ಆದೀತು ಎಂಬ ಭಾವನೆ ತುಸು ಕುಗ್ಗಿದ್ದು ಕಂಡಿತು. ನಷ್ಟ ಎರಡೂ ಪಕ್ಷಕ್ಕಲ್ಲ, ಪ್ರಜಾಪ್ರಭುತ್ವಕ್ಕೆ.

ಹಾಗೆಂದು ಟೀಕೆಯನ್ನೆಲ್ಲ ಕೆಸರೆನ್ನುವುದು ತಪ್ಪು. ಜಾನ್ ಗೀರ್ 1960ರಿಂದ 2004ರವರೆಗಿನ ಅಧ್ಯಕ್ಷೀಯ ಜಾಹೀರಾತುಗಳನ್ನು ವಿಂಗಡಿಸಿ, ಹೊಗಳಿಕೆಯ ಜಾಹೀರಾತಿಗಿಂತ ಟೀಕೆಯ ಜಾಹೀರಾತಿನಲ್ಲೇ ನೀತಿಯ ವಿಷಯವೂ ಆಧಾರವೂ ಹೆಚ್ಚಿರುತ್ತವೆ ಎಂದು ತೋರಿಸಿದರು. ಆರೋಪ ಮಾಡುವವರು ಪುರಾವೆ ಕೊಡಬೇಕಾಗುತ್ತದೆ, ಆತ್ಮಸ್ತುತಿಗೆ ಅದು ಬೇಕಿಲ್ಲ. ಅಧಿಕಾರದಲ್ಲಿರುವವರ ತಪ್ಪನ್ನು ಎದುರಾಳಿಯಲ್ಲದೆ ಇನ್ನಾರು ಎತ್ತಿ ಆಡುತ್ತಾರೆ? ಗೀರ್ ಮಾತನ್ನು ನಾನು ಒಪ್ಪುತ್ತೇನೆ, ಆ 268ರಂಥ ಕೈಚಳಕವನ್ನು ಹೊರಗಿಟ್ಟು.

ಕೈಚಳಕ ಯಾರದೆಂಬುದೇ ಈಗ ಮಸುಕಾಗಿದೆ. ಹಿಂದೆ ಅಧ್ಯಕ್ಷ ಅಭ್ಯರ್ಥಿ ಗಾಂಭೀರ್ಯದಿಂದಿರಲಿ ಎಂದು ಬೈಯುವ ಕೆಲಸವನ್ನು ಜೊತೆಗಾರರಿಗೆ ವಹಿಸುತ್ತಿದ್ದರು. 1976ರ ಮೊತ್ತಮೊದಲ ಉಪಾಧ್ಯಕ್ಷ ಅಭ್ಯರ್ಥಿಗಳ ಚರ್ಚೆಯಲ್ಲಿ ರಿಪಬ್ಲಿಕನ್ ಪಕ್ಷದ ಬಾಬ್ ಡೋಲ್ ಮಹಾಯುದ್ಧಗಳನ್ನೂ ಡೆಮಾಕ್ರಟರ ಯುದ್ಧಗಳೆಂದು ಕರೆದು ತಾವೇ ಏಟು ತಿಂದರು. ಮಾತಾಡಿದವರ ಮುಖ ಕಂಡರೆ ಏಟು ತಿರುಗಿ ಬರುತ್ತದೆ. 2002ರ ಕಾನೂನು ಅಭ್ಯರ್ಥಿಗಳು ಈ ಸಂದೇಶಕ್ಕೆ ನನ್ನ ಒಪ್ಪಿಗೆಯಿದೆ ಎಂದು ತಮ್ಮ ಜಾಹೀರಾತಿನಲ್ಲೇ ಹೇಳಬೇಕೆಂದು ವಿಧಿಸಿತು. ಹೊರಗಿನ ಗುಂಪುಗಳಿಗೆ ಆ ಮುಖವಿಲ್ಲ. ಕಾನರ್ ಡೌಲಿಂಗ್ ಮತ್ತು ಆಂಬರ್ ವಿಚೌಸ್ಕಿ ನಡೆಸಿದ ಪ್ರಯೋಗಗಳಲ್ಲಿ, ಒಂದೇ ದಾಳಿಯನ್ನು ಗುಂಪಿನ ಹೆಸರಲ್ಲಿ ತೋರಿಸಿದಾಗ ಲಾಭ ಪಡೆಯುವ ಅಭ್ಯರ್ಥಿಗೆ ತಟ್ಟುವ ಸಿಟ್ಟು ಕಡಿಮೆಯಾಯಿತು. ಆ ಗುಂಪಿಗೆ ಹಣ ಕೊಟ್ಟವರು ಯಾರೆಂದು ತಿಳಿಸಿದಾಗ ದಾಳಿಯ ಬಲವೇ ಕುಗ್ಗಿತು. 2010ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಇಂಥ ಗುಂಪುಗಳ ಖರ್ಚಿಗೆ ಮಿತಿಯಿಲ್ಲ, ಅವುಗಳಲ್ಲಿ ಲಾಭರಹಿತ ಸಂಸ್ಥೆಗಳೆಂದು ನೋಂದಾಯಿಸಿಕೊಂಡ ಹಲವು ತಮ್ಮ ದಾನಿಗಳ ಹೆಸರನ್ನು ಸಾರ್ವಜನಿಕರಿಗೆ ಹೇಳಬೇಕಾಗಿಯೂ ಇಲ್ಲ.