ಸಣ್ಣ ವಿಮಾನಕ್ಕೊಂದು ನಿಸ್ತಂತು ದೂತ

ನಮ್ಮ ಶ್ರೀನಿವಾಸಪುರದ ಸುತ್ತಣ ಮಾವಿನ ತೋಪುಗಳಲ್ಲಿ ಈಗ ಕೆಲವು ವರ್ಷಗಳಿಂದ ಒಂದು ಸಣ್ಣ ಡಬ್ಬಿಯು ಬಳಕೆಗೆ ಬಂದಿದೆ. ಕೊಳವೆಬಾವಿಯ ಪಂಪುಮನೆಯ ಗೋಡೆಯಲ್ಲಿ, ಹಳೆಯ ಸ್ಟಾರ್ಟರಿನ ಮಗ್ಗುಲಲ್ಲೇ ಕೂರಿಸುವ ಈ ಡಬ್ಬಿಯೊಳಗೆ ಫೋನಿನ ಸಿಮ್ ಒಂದಿದ್ದು, ಮಂಡಿಯಲ್ಲಿ ತೋತಾಪುರಿಯ ಹರಾಜಿಗೆ ಕಾದು ಕುಳಿತ ರೈತನು ಅಲ್ಲಿಂದಲೇ ಒಂದು ಕರೆ ಮಾಡಿದನೆಂದರೆ, ನಾಲ್ಕಾರು ಮೈಲಿಗಳಾಚೆಯ ತೋಟದಲ್ಲಿ ಮೋಟರು ಗುರುಗುಟ್ಟತೊಡಗುತ್ತದೆ. ತ್ರೀ ಫೇಸ್ ಕರೆಂಟು ಬಂದಿತೆಂಬ ಸುದ್ದಿಯನ್ನೂ ಹೋಯಿತೆಂಬ ಸುದ್ದಿಯನ್ನೂ ಡಬ್ಬಿಯೇ ತಿಳಿಸುತ್ತದೆ. ಇದರ ಸೊಗಸನ್ನು ನಾನೊಮ್ಮೆ ಹೊಗಳುತ್ತಿದ್ದಾಗ ನೆರೆಯ ತೋಟದ ಹಿರಿಯರೊಬ್ಬರು ನಕ್ಕು, “ಮೋಟ್ರು ಓಡ್ತಾ ಇದೆ ಅಂತ ಅದು ಹೇಳ್ತದೆ ಸ್ವಾಮಿ, ಬೋರಲ್ಲಿ ನೀರು ಬರ್ತಾ ಇದೆಯೋ ಇಲ್ಲವೋ ಅಂತ ನೋಡೋಕೆ ನಾವೇ ಹೋಗ್ಬೇಕು” ಎಂದರು.

ಆ ಮಾತು ನನಗೆ ಮತ್ತೆ ನೆನಪಾದುದು ಪಂಪುಮನೆಗೂ ನೀರಿಗೂ ಯಾವ ಸಂಬಂಧವೂ ಇಲ್ಲದ ಒಂದು ಸ್ಥಳದಲ್ಲಿ, ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರು ವಿಮಾನ ಮೈದಾನದಲ್ಲಿ. 1940ರ ದಶಕದ ಕೊನೆಗೆ ಅಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಆರಂಭವಾದ ಕಾಲದಲ್ಲಿ ವಿಮಾನ ನಡೆಸುವ ವಿದ್ಯಾರ್ಥಿಯ ಸಂಪತ್ತೆಂದರೆ ಮುಂದೆ ಒಂದು ದಿಕ್ಸೂಚಿ, ಒಂದು ಎತ್ತರಮಾಪಕ, ಒಂದು ವೇಗಮಾಪಕ, ಕೈಯಲ್ಲೊಂದು ಗಡಿಯಾರ, ಮೊಣಕಾಲ ಮೇಲೆ ಮಡಿಸಿದ ಒಂದು ಭೂಪಟ, ಇಷ್ಟೇ. ಅದೇ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ಮಾರ್ಗದರ್ಶನದಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ಎಂಬ ಎರಡಾಸನದ ತರಬೇತಿ ವಿಮಾನವಾಗಲಿ, 1958ರಲ್ಲಿ ಹಾರಿ ಮುಂದೆ ದೇಶದ ಹಾರಾಟ ಸಂಘಗಳಿಗೆಲ್ಲ ಪರಿಚಿತವಾದ ‘ಪುಷ್ಪಕ’ವಾಗಲಿ, ಈ ಸರಳ ಸಲಕರಣೆಗಳಿಂದಲೇ ಒಂದು ತಲೆಮಾರನ್ನು ಪಳಗಿಸಿದುವು. ಅವುಗಳ ವಂಶದ್ದೇ ಎನ್ನಬಹುದಾದ, ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ‘ಹಂಸ’ ವಿಮಾನದ ನೂತನ ರೂಪವು 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿಗೆ ಹಾರಿದಾಗ, ದುಂಡು ಗಡಿಯಾರಗಳ ಸಾಲಿದ್ದ ಜಾಗದಲ್ಲಿ ಗಾಜಿನ ಪರದೆಗಳು ಬೆಳಗುತ್ತಿದ್ದುವು.

ಹೊಸ ವಿಮಾನಕ್ಕೆ ಹೊಸ ಪರದೆ ಹುಟ್ಟಿನಿಂದಲೇ ಬರುತ್ತದೆ. ಆದರೆ ಸಣ್ಣ ವಿಮಾನಗಳ ಆಯುಷ್ಯ ದೀರ್ಘವಾದುದು. 1955ರಲ್ಲಿ ಮೊದಲು ಹಾರಿದ ಸೆಸ್ನಾ-172 ಮಾದರಿಯ ಹಳೆಯ ವಿಮಾನಗಳು ಇಂದಿಗೂ ಲೋಕದ ಹಾರಾಟ ಶಾಲೆಗಳಲ್ಲಿ ದುಡಿಯುತ್ತಿವೆ. ಕವಚವು ಗಟ್ಟಿಯಾಗಿರುತ್ತದೆ, ಎಂಜಿನನ್ನು ಕಾಲಕಾಲಕ್ಕೆ ಬಿಚ್ಚಿ ಸರಿಪಡಿಸಿರುತ್ತಾರೆ. ಮೊದಲು ಹಳತಾಗುವುದು ಏವಿಯಾನಿಕ್ಸ್, ಎಂದರೆ ರೇಡಿಯೊ, ಮಾರ್ಗದರ್ಶಕ, ಪರದೆ ಮುಂತಾದ ವಿದ್ಯುನ್ಮಾನ ಉಪಕರಣಗಳ ಸಮೂಹ. ಈ ಹಳೆಯ ಉಪಕರಣಗಳಿಗೆ ಚಾಲಕನ ಕೈಯಲ್ಲಿರುವ ಟ್ಯಾಬ್ಲೆಟ್ಟಿನೊಡನೆ ತಂತಿಯಿಲ್ಲದೆ ಮಾತನಾಡುವ ಶಕ್ತಿಯನ್ನು ತುಂಬುವ ಡಬ್ಬಿಗಳು ಮಾರುಕಟ್ಟೆಗೆ ಬಂದಿರುವುವು; ಪಂಪುಮನೆಯ ಡಬ್ಬಿಗೆ ಆ ಹಿರಿಯರು ಕಂಡ ಮಿತಿಯಂತೆ ಇವಕ್ಕೂ ಮಿತಿಗಳುಂಟು. ಅವನ್ನು ಕೊಳ್ಳಬೇಕೆ, ಕೊಳ್ಳುವುದಾದರೆ ಏನನ್ನು ಕೇಳಿ ಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

‘ವೈರ್‌ಲೆಸ್’ ಎಂದರೆ ನಮ್ಮ ತಾಲ್ಲೂಕಿನ ಹಳಬರಿಗೆ ಇಂದಿಗೂ ಪೊಲೀಸು ಜೀಪಿನೊಳಗೆ ಕರಕರನೆ ಸದ್ದು ಮಾಡುವ ಪೆಟ್ಟಿಗೆಯೇ ನೆನಪಿಗೆ ಬರುತ್ತದೆ. ಆ ಅರ್ಥದ ನಿಸ್ತಂತು ವಿಮಾನಕ್ಕೆ ಹೊಸದಲ್ಲ. ಚಾಲಕನು ನಿಯಂತ್ರಣ ಗೋಪುರದೊಡನೆ ಮಾತನಾಡುವ ರೇಡಿಯೊವೇ ನಿಸ್ತಂತು. ಹೊಸತಾಗಿರುವುದು ವಿಮಾನದ ಒಳಗಿನ ಮಾತುಕತೆ: ಒಂದು ತೋಳಿನಳತೆಯ ಅಂತರದಲ್ಲಿರುವ ಎರಡು ಯಂತ್ರಗಳು, ಎದುರಿನ ಫಲಕ ಮತ್ತು ತೊಡೆಯ ಮೇಲಿನ ಟ್ಯಾಬ್ಲೆಟ್ಟು, ವೈಫೈ ಅಥವಾ ಬ್ಲೂಟೂತ್ ಮೂಲಕ ಪರಸ್ಪರ ಅರಿತುಕೊಳ್ಳುವುದು.

ಇದರಿಂದಾಗುವ ಉಪಯೋಗವನ್ನು ತಿಳಿಯಬೇಕಾದರೆ ಇದಿಲ್ಲದಿದ್ದಾಗಿನ ಪಾಡನ್ನು ಹತ್ತಿರದಿಂದ ನೋಡಬೇಕು. 1998ರಲ್ಲಿ ಬಂದು ಸಣ್ಣ ವಿಮಾನಗಳ ಲೋಕವನ್ನೇ ವ್ಯಾಪಿಸಿಕೊಂಡ ಗಾರ್ಮಿನ್ ಕಂಪನಿಯ 430 ಎಂಬ ಮಾರ್ಗದರ್ಶಕ ಯಂತ್ರದ ಬಲಗಡೆಯ ಕೆಳಮೂಲೆಯಲ್ಲಿ ಒಂದರೊಳಗೊಂದು ಕುಳಿತ ಎರಡು ತಿರುಗುಗುಂಡಿಗಳಿವೆ. ಒಳಗಿನ ಚಿಕ್ಕದನ್ನು ತಿರುಗಿಸಿದರೆ ಅಕ್ಷರ ಬದಲಾಗುತ್ತದೆ. ಹೊರಗಿನ ದೊಡ್ಡದನ್ನು ತಿರುಗಿಸಿದರೆ ಮುಂದಿನ ಅಕ್ಷರದ ಸ್ಥಾನಕ್ಕೆ ಸರಿಯುತ್ತದೆ. ಆಕಾಶಮಾರ್ಗದ ತಿರುವುಗಳಿಗೆ ಐದಕ್ಷರದ ಹೆಸರುಗಳಿರುವುದರಿಂದ, ಒಂದೊಂದು ಹೆಸರಿಗೂ ಐದು ಬಾರಿ ಒಳಗುಂಡಿಯನ್ನೂ ನಾಲ್ಕು ಬಾರಿ ಹೊರಗುಂಡಿಯನ್ನೂ ತಿರುವಿ, ಅವಸರದಲ್ಲಿ ಒಂದಕ್ಷರ ಮುಂದೆ ಹೋದರೆ ಹಿಂದಕ್ಕೆ ತಿರುವಿ, ಹೀಗೆ ಏಳೆಂಟು ಹೆಸರುಗಳನ್ನು ತುಂಬುವಷ್ಟರಲ್ಲಿ ಬೇಸಿಗೆಯ ಬಿಸಿಲಿನಲ್ಲಿ ನಿಂತ ವಿಮಾನದೊಳಗೆ ವಿದ್ಯಾರ್ಥಿಯ ಅಂಗಿಯು ಬೆನ್ನಿಗೆ ಅಂಟಿಕೊಂಡಿರುತ್ತದೆ. ನಿಸ್ತಂತು ಸಂಪರ್ಕವಿದ್ದರೆ ಅದೇ ಮಾರ್ಗವನ್ನು ಹಿಂದಿನ ರಾತ್ರಿ ಮನೆಯಲ್ಲಿ ಕುಳಿತು ಸಾವಧಾನವಾಗಿ ಟ್ಯಾಬ್ಲೆಟ್ಟಿನಲ್ಲಿ ರಚಿಸಿಟ್ಟು, ವಿಮಾನವನ್ನೇರಿದ ಮೇಲೆ ಒಂದು ಸ್ಪರ್ಶದಿಂದ ಫಲಕಕ್ಕೆ ಕಳುಹಬಹುದು. ಜಕ್ಕೂರಿನಿಂದ ಶ್ರೀನಿವಾಸಪುರವು ನೇರರೇಖೆಯಲ್ಲಿ ಸುಮಾರು 70 ಕಿಲೋಮೀಟರ್, ಸೆಸ್ನಾಕ್ಕೆ ಅರ್ಧ ಗಂಟೆಗೂ ಕಡಿಮೆಯ ಹಾದಿ. ಇಷ್ಟು ಕಿರಿದಾದ ಪಯಣದಲ್ಲಿ ಗುಂಡಿ ತಿರುವುತ್ತ ತಲೆ ತಗ್ಗಿಸಿ ಕಳೆದ ಎರಡು ನಿಮಿಷವೂ ಹೊರಗೆ ನೋಡದೆ ಕಳೆದ ಎರಡು ನಿಮಿಷವೇ.

ಎರಡನೆಯ ಉಪಯೋಗವು ಇನ್ನೂ ದೊಡ್ಡದು. ವಿಮಾನ ನಿಲ್ದಾಣಗಳ, ಮಾರ್ಗಗಳ, ರೇಡಿಯೊ ಕೇಂದ್ರಗಳ ವಿವರಗಳು ಲೋಕಾದ್ಯಂತ 28 ದಿನಗಳಿಗೊಮ್ಮೆ ನಿಗದಿತ ದಿನದಂದು ಪರಿಷ್ಕೃತವಾಗುತ್ತವೆ. ಫಲಕದೊಳಗಿನ ದತ್ತಾಂಶವನ್ನೂ ಅದರೊಡನೆ ಹೊಸದು ಮಾಡಬೇಕು. ಹಳೆಯ ಪದ್ಧತಿಯಲ್ಲಿ ಯಂತ್ರದಿಂದ ಕಾರ್ಡನ್ನು ಕಿತ್ತು, ಜೇಬಿನಲ್ಲಿಟ್ಟು ಕಚೇರಿಗೆ ಹೋಗಿ, ಕಂಪ್ಯೂಟರಿಗೆ ಜೋಡಿಸಿ, ಇಳಿಸಿಕೊಂಡು, ಮತ್ತೆ ಮೈದಾನಕ್ಕೆ ಬಂದು ಸಿಕ್ಕಿಸಬೇಕು. ಗಾರ್ಮಿನ್ ಕಂಪನಿ 2016ರಲ್ಲಿ ಹೊರತಂದ ಫ್ಲೈಟ್ ಸ್ಟ್ರೀಮ್ 510 ಎಂಬ ಉಪಕರಣವು ಇದಕ್ಕೆ ಸೊಗಸಾದ ಉಪಾಯವನ್ನು ಒದಗಿಸಿತು. ಅಂಚೆಚೀಟಿಯಷ್ಟೇ ಗಾತ್ರದ ಮೆಮೊರಿ ಕಾರ್ಡಿನ ರೂಪದಲ್ಲಿಯೇ ಇರುವ ಇದನ್ನು ಆ ಕಂಪನಿಯ ಜಿಟಿಎನ್ ಮಾಲೆಯ ಯಂತ್ರಗಳ ಕಾರ್ಡಿನ ಸೀಳಿನಲ್ಲಿ ತೂರಿಸಿದರಾಯಿತು. ದತ್ತಾಂಶವು ವೈಫೈ ಮೂಲಕ ಟ್ಯಾಬ್ಲೆಟ್ಟಿನಿಂದ ಫಲಕಕ್ಕೆ ಹರಿಯುತ್ತದೆ, ಮಾರ್ಗಯೋಜನೆಯು ಬ್ಲೂಟೂತ್ ಮೂಲಕ ಹೋಗಿಬರುತ್ತದೆ. ಬಂದ ಮಾರ್ಗವನ್ನು ಫಲಕವು ತಾನಾಗಿಯೇ ಅನುಸರಿಸತೊಡಗುವುದಿಲ್ಲ. ಚಾಲಕನು ನೋಡಿ ಒಪ್ಪಿಗೆಯಿತ್ತ ಮೇಲೆ ಮಾತ್ರ ಅದು ಜಾರಿಗೆ ಬರುತ್ತದೆ. ಪ್ರಮಾಣೀಕೃತ ಫಲಕಕ್ಕೂ ಅಂಗಡಿಯಿಂದ ತಂದ ಟ್ಯಾಬ್ಲೆಟ್ಟಿಗೂ ನಡುವೆ ಇರುವ ಈ ಹೊಸ್ತಿಲೇ ಇಡೀ ವ್ಯವಸ್ಥೆಯ ಮರ್ಮ.

ಇಲ್ಲಿಯವರೆಗೆ ಹೇಳಿದುದು ಡಬ್ಬಿಯ ಗುಣ. ಇನ್ನು ಕೊಳ್ಳುವವನು ಎಡವುವ ಕಲ್ಲುಗಳನ್ನು ನೋಡೋಣ.

ಮೊದಲನೆಯದು, ವೈಫೈ ಎಂದೊಡನೆ ಅಂತರ್ಜಾಲವೆಂದು ಭಾವಿಸುವ ಭ್ರಮೆ. ವಿಮಾನದೊಳಗಿನ ಈ ವೈಫೈ ಎರಡು ಯಂತ್ರಗಳ ನಡುವಣ ಓಣಿಯೇ ಹೊರತು ಲೋಕಕ್ಕೆ ತೆರೆದ ಹೆದ್ದಾರಿಯಲ್ಲ. ಅಮೆರಿಕದಲ್ಲಿ ಅಚ್ಚಾದ ಜಾಹೀರಾತುಗಳಲ್ಲಿ ಟ್ಯಾಬ್ಲೆಟ್ಟಿನ ಮೇಲೆ ಮಳೆಮೋಡಗಳ ಬಣ್ಣದ ಚಿತ್ರವೂ ಸುತ್ತಲಿನ ವಿಮಾನಗಳ ಸ್ಥಾನವೂ ಮೂಡುವುದನ್ನು ಕಂಡು ನಮ್ಮವರು ಮಾರುಹೋಗುವುದುಂಟು. ಆದರೆ ಆ ಹವಾಮಾನವು ಅಲ್ಲಿನ ಸರ್ಕಾರವು ನೆಲದ ಕೇಂದ್ರಗಳಿಂದ 978 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಉಚಿತವಾಗಿ ಪ್ರಸಾರ ಮಾಡುವಂಥದು. ಆ ಪ್ರಸಾರ ನಮ್ಮ ದೇಶದಲ್ಲಿಲ್ಲ. ಇಲ್ಲಿ ಅದೇ ಡಬ್ಬಿಯನ್ನು ಅದೇ ಬೆಲೆಗೆ ಕೊಂಡವನು ಆ ಗುಣಕ್ಕಾಗಿ ಕೊಟ್ಟ ಹಣ, ಬತ್ತಿದ ಬೋರಿಗೆ ಇಳಿಸಿದ ಪೈಪಿನಂತೆ ವ್ಯರ್ಥವಾಗುತ್ತದೆ. ಪ್ರಯಾಣಿಕರ ದೊಡ್ಡ ವಿಮಾನಗಳಲ್ಲಿ ಅಂತರ್ಜಾಲ ಒದಗಿಸಲು 2018ರಲ್ಲಿ ನಮ್ಮಲ್ಲಿ ನಿಯಮಗಳಾದುವು, ನಿಜ. ಆದರೆ ಅದು 3,000 ಮೀಟರ್ ಎತ್ತರದ ಮೇಲಿನ ಸೇವೆಯ ಮಾತು. ತರಬೇತಿಯ ವಿಮಾನಗಳು ಬಹುಪಾಲು ಅದಕ್ಕಿಂತ ಕೆಳಗೆಯೇ ಸುಳಿದಾಡತಕ್ಕವು.

ಅಮೆರಿಕದ ಆಕಾಶದಲ್ಲಿರುವುದು ನಮ್ಮಲ್ಲಿಲ್ಲವೆಂದು ಕೊರಗಬೇಕಾಗಿಲ್ಲ; ನಮ್ಮದೇ ಆದುದೊಂದು ನಮ್ಮಲ್ಲಿದೆ. ಇಸ್ರೊ ಹಾಗೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ನಿರ್ಮಿಸಿದ ‘ಗಗನ್’ ವ್ಯವಸ್ಥೆಯು ಜಿಪಿಎಸ್ ಸಂಕೇತದ ದೋಷಗಳನ್ನು ತಿದ್ದಿ ಉಪಗ್ರಹದ ಮೂಲಕ ಮರಳಿ ಬಿತ್ತರಿಸುತ್ತದೆ. ಅದರ ನಿಯಂತ್ರಣ ಕೇಂದ್ರವಿರುವುದು ದೂರದ ದೆಹಲಿಯಲ್ಲಿ ಅಲ್ಲ, ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿ. ಮಾರ್ಗದರ್ಶನಕ್ಕೆ 2013ರ ಡಿಸೆಂಬರಿನಲ್ಲಿಯೂ, ಎತ್ತರದ ಮಾರ್ಗದರ್ಶನ ಸಹಿತವಾಗಿ ಓಡುದಾರಿಯತ್ತ ಇಳಿಯುವುದಕ್ಕೆ 2015ರ ಏಪ್ರಿಲಿನಲ್ಲಿಯೂ ಅದಕ್ಕೆ ಪ್ರಮಾಣಪತ್ರ ದೊರೆಯಿತು. ಆದುದರಿಂದ ಫಲಕವನ್ನು ನವೀಕರಿಸಹೊರಟವನು ಮಾರಾಟಗಾರನನ್ನು ಕೇಳಬೇಕಾದ ಪ್ರಥಮ ಪ್ರಶ್ನೆ “ಬ್ಲೂಟೂತ್ ಉಂಟೆ?” ಎಂಬುದಲ್ಲ, “ಈ ಯಂತ್ರವು ಗಗನ್ ಸಂಕೇತವನ್ನು ಗ್ರಹಿಸಬಲ್ಲುದೆ? ಇದರ ದತ್ತಾಂಶದ ಚಂದಾ ಭಾರತದ ವಲಯಕ್ಕೆ ದೊರೆಯುವುದೆ?” ಎಂಬುದು. ದತ್ತಾಂಶವನ್ನು ವಲಯವಲಯವಾಗಿ ಮಾರುತ್ತಾರೆ; ಬೇರೆ ಖಂಡದ ನಕ್ಷೆಯನ್ನು ಎಷ್ಟು ವೇಗವಾಗಿ ತುಂಬಿಸಿದರೂ ಮುಳಬಾಗಿಲ ಬೆಟ್ಟ ಅದರಲ್ಲಿ ಕಾಣುವುದಿಲ್ಲ.

ಎರಡನೆಯ ಕಲ್ಲು ಹೊಂದಾಣಿಕೆಯದು. ಮೇಲೆ ಹೇಳಿದ 510 ಕಾರ್ಡು ಜಿಟಿಎನ್ ಯಂತ್ರಕ್ಕೆ ಸಲ್ಲುತ್ತದೆ, ಹಳೆಯ 430ಕ್ಕೆ ಸಲ್ಲುವುದಿಲ್ಲ. 430ರ ಪರಿಷ್ಕೃತ ಮಾದರಿಗೆ 210 ಎಂಬ ಬೇರೊಂದು ಡಬ್ಬಿಯನ್ನು ತಂತಿಗಳಿಂದ ಬೆಸೆದು ಫಲಕದ ಹಿಂದೆ ಕೂರಿಸಬೇಕು, ಆಗಲೂ ಮಾರ್ಗಯೋಜನೆ ದಾಟುವುದೇ ಹೊರತು ದತ್ತಾಂಶದ ನವೀಕರಣಕ್ಕೆ ಹಳೆಯ ಕಾರ್ಡೇ ಗತಿ. ಇನ್ನು ಅವಿಡೈನ್ ಕಂಪನಿಯ ಐಎಫ್‌ಡಿ ಮಾಲೆಯ ಯಂತ್ರಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಒಳಗೇ ಇರುತ್ತವೆ. ಹೀಗಿರುವಾಗ ಡಬ್ಬಿಯ ಬೆಲೆಯನ್ನಷ್ಟೇ ನೋಡಿ ಅಗ್ಗವೆನ್ನುವುದು, ಹಸುವಿನ ಹಗ್ಗದ ಬೆಲೆ ವಿಚಾರಿಸಿ ಹಸುವನ್ನು ಕೊಂಡೆನೆಂದು ತಿಳಿದಂತೆ. ಬಿಡುಗಡೆಯಾದ ಕಾಲದಲ್ಲಿ 510ರ ಬೆಲೆ 1,495 ಡಾಲರ್ ಇತ್ತು. ಅದು ಕೂರುವ ಫಲಕಯಂತ್ರದ ಬೆಲೆ ಅದರ ಹಲವು ಪಟ್ಟು, ಜೊತೆಗೆ ಆಮದು ಸುಂಕ, ಅಳವಡಿಕೆಯ ಕೂಲಿ, ಅವಧಿಯವಧಿಗೂ ತೆರಬೇಕಾದ ಚಂದಾ.

ಮೂರನೆಯದು ಕಾನೂನಿನದು, ಇಲ್ಲಿಯೇ ಹೆಚ್ಚಿನವರ ತಾಳ್ಮೆ ಮುರಿಯುತ್ತದೆ. ಪಂಪಿನ ಸ್ಟಾರ್ಟರಿಗೆ ಡಬ್ಬಿ ಜೋಡಿಸಲು ಬೀದಿಯ ಮೆಕ್ಯಾನಿಕ್ಕು ಸಾಕು. ಪ್ರಮಾಣೀಕೃತ ವಿಮಾನದಲ್ಲಿ ಒಂದು ತಿರುಪನ್ನು ಹೆಚ್ಚಿಸಲಿಕ್ಕೂ ಅನುಮೋದಿತ ಕಾಗದ ಬೇಕು. ಆ ಉಪಕರಣವನ್ನು ಆ ಮಾದರಿಯ ವಿಮಾನದಲ್ಲಿ ಅಳವಡಿಸಬಹುದೆಂಬ ಪೂರಕ ಮಾದರಿ ಪ್ರಮಾಣಪತ್ರ, ಅದಕ್ಕೆ ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ, ಪರವಾನಗಿಯುಳ್ಳ ಎಂಜಿನಿಯರರ ಸಹಿ, ವಿಮಾನದ ತೂಕ ಮತ್ತು ಸಮತೋಲನದ ಪಟ್ಟಿಯ ತಿದ್ದುಪಡಿ, ಇವಿಷ್ಟೂ ಕೈಸೇರಿದ ಮೇಲೆಯೇ ವಿಮಾನವು ನ್ಯಾಯವಾಗಿ ಹಾರತಕ್ಕದ್ದು. ವೈಫೈ ಮತ್ತು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಭಾರತವು 2005ರಲ್ಲಿಯೇ ಪರವಾನಗಿಯಿಂದ ಮುಕ್ತಗೊಳಿಸಿದೆ. ಆದರೆ ಪಟ್ಟಿಯು ಮುಕ್ತವಾದ ಮಾತ್ರಕ್ಕೆ ವಿಮಾನವು ಮುಕ್ತವಾಗಲಿಲ್ಲ.

ಈ ಕಟ್ಟುನಿಟ್ಟು ಬರಿಯ ಕಚೇರಿಯ ಹಟವಲ್ಲವೆಂಬುದಕ್ಕೆ ಒಂದು ಚಿಕ್ಕ ದೃಷ್ಟಾಂತ ಸಾಕು. ವಿದ್ಯುತ್ತು ಸಂಪೂರ್ಣವಾಗಿ ನಿಂತುಹೋದರೂ ದಿಕ್ಕು ತೋರಿಸುವ ಕೊನೆಯ ಆಸರೆಯೆಂದರೆ ಗಾಜಿನ ಬಟ್ಟಲಿನ ದ್ರವದಲ್ಲಿ ತೇಲುವ ಕಾಂತೀಯ ದಿಕ್ಸೂಚಿ. ಹೊದಿಕೆಯಲ್ಲಿ ಅಯಸ್ಕಾಂತವಿರುವ ಟ್ಯಾಬ್ಲೆಟ್ಟನ್ನು ಅದರ ಸಮೀಪದ ಕಂಬಿಗೆ ಸಿಕ್ಕಿಸಿ ನೋಡಿರಿ: ವಿಮಾನವು ಕದಲದೆ ನಿಂತಿದ್ದರೂ ದಿಕ್ಸೂಚಿಯ ಬಿಲ್ಲೆಯು ಮೆಲ್ಲನೆ ಹೊರಳುತ್ತದೆ. ಕೈಯ ಮುಂದಿನ ಹೊಸ ದೂತನು ಹಳೆಯ ಸಾಕ್ಷಿಯಿಂದ ಸುಳ್ಳು ಹೇಳಿಸುವ ಇಂಥ ಸಂದರ್ಭವನ್ನು ಹಿಡಿಯುವುದಕ್ಕೇ ಅಳವಡಿಕೆಯ ನಂತರದ ಪರೀಕ್ಷೆ ಬೇಕು. ಟ್ಯಾಬ್ಲೆಟ್ಟಿಗೂ ತನ್ನದೇ ಆದ ದೌರ್ಬಲ್ಯವುಂಟು. ಆಪಲ್ ಕಂಪನಿಯು ತನ್ನ ಐಪ್ಯಾಡಿಗೆ ಸೂಚಿಸಿರುವ ಸುತ್ತಲಿನ ಉಷ್ಣತೆಯ ಮಿತಿ 35 ಡಿಗ್ರಿ. ಮಾವು ಹಣ್ಣಾಗುವ ತಿಂಗಳುಗಳಲ್ಲಿ ಬಿಸಿಲಿಗೆ ನಿಂತ ವಿಮಾನದ ಗಾಜಿನಡಿಯಲ್ಲಿ ಆ ಮಿತಿಯನ್ನು ಮೀರಲು ಬಹಳ ಹೊತ್ತು ಬೇಕಾಗುವುದಿಲ್ಲ. ಕಾವೇರಿದ ಟ್ಯಾಬ್ಲೆಟ್ಟು ತನ್ನನ್ನು ರಕ್ಷಿಸಿಕೊಳ್ಳಲು ಪರದೆಯನ್ನು ಆರಿಸಿಕೊಂಡರೆ ತಂತಿಯಿಲ್ಲದ ಮಾತುಕತೆಯೂ ಅಲ್ಲಿಗೇ ನಿಲ್ಲುತ್ತದೆ.

ಹಾಗಾದರೆ ಕೊಳ್ಳಬಾರದೆ? ಕೊಳ್ಳಬಹುದು, ಕೊಳ್ಳುವ ಕ್ರಮವಿಷ್ಟು. ಮೊದಲು ದತ್ತಾಂಶದ ಚಂದಾ ತಪ್ಪದಂತೆ ನೋಡಿಕೊಳ್ಳುವುದು, ಏಕೆಂದರೆ 28 ದಿನ ಕಳೆದ ನಕ್ಷೆಯನ್ನು ನಿಸ್ತಂತುವಾಗಿ ತಂದರೂ ಅದು ಹಳೆಯದೇ; ಆಮೇಲೆ ಗಗನ್ ಗ್ರಹಿಸಬಲ್ಲ ಮಾರ್ಗದರ್ಶಕ ಯಂತ್ರ; ಅದಾದ ಮೇಲೆ ನಿಸ್ತಂತು ಕಾರ್ಡು. ಹತ್ತು ವಿಮಾನಗಳುಳ್ಳ, ಪ್ರತಿ ಆವರ್ತದಲ್ಲಿಯೂ ಹತ್ತು ಕಾರ್ಡುಗಳನ್ನು ಕಿತ್ತು ತುಂಬಿಸಬೇಕಾದ ಶಾಲೆಗೆ ಈ ಕಾರ್ಡು ವೈಭವವಲ್ಲ, ಅವಶ್ಯಕತೆ. ತಿಂಗಳಿಗೊಮ್ಮೆ ಶುಭ್ರಾಕಾಶವನ್ನು ನೋಡಿ ಹಾರುವ ಹವ್ಯಾಸಿಗೆ ಅದೇ ಹಣದಲ್ಲಿ ಬೋಧಕನೊಡನೆ ಇನ್ನೂ ಹಲವು ಗಂಟೆಗಳ ಹಾರಾಟ ಹೆಚ್ಚು ಲಾಭಕರ.

ನಮ್ಮ ತಾಲ್ಲೂಕಿನ ಮಕ್ಕಳೂ ಹಾರಾಟ ಶಾಲೆಗಳ ಅರ್ಜಿ ತುಂಬುವ ಕಾಲವಿದು. ನಾಳೆ ಅವರಲ್ಲೊಬ್ಬರು ವಿಮಾನವೊಂದರ ಒಡೆತನವನ್ನೋ ಶಾಲೆಯೊಂದರ ಆಡಳಿತವನ್ನೋ ವಹಿಸಿಕೊಂಡಾರು. ಅಂಥವರಿಗೆ ನನ್ನ ವಿಜ್ಞಾಪನೆ ಒಂದೇ: ಮುಂಗಡ ಹಣ ಕೊಡುವ ಮುನ್ನ, ನಿಮ್ಮ ಮಾದರಿಯ ವಿಮಾನಕ್ಕೆ ಅನುಮೋದನೆ ಇದೆಯೆಂಬುದನ್ನೂ, ಭಾರತದ ದತ್ತಾಂಶ ದೊರೆಯುವುದೆಂಬುದನ್ನೂ, ಜಾಹೀರಾತಿನ ಗುಣಗಳಲ್ಲಿ ಇಲ್ಲಿ ಯಾವುವು ಕೆಲಸ ಮಾಡುವುದಿಲ್ಲವೆಂಬುದನ್ನೂ ಮಾರಾಟಗಾರನಿಂದ ಬರೆಯಿಸಿ ಸಹಿ ಮಾಡಿಸಿಕೊಳ್ಳಿರಿ. ಮೂರನೆಯದನ್ನು ಬರೆದುಕೊಡಲು ಹಿಂಜರಿಯುವವನಲ್ಲಿ ವ್ಯಾಪಾರ ಮಾಡಬೇಡಿರಿ.