ಒಂದೇ ಸ್ಟ್ಯಾಂಡ್, ಎರಡು ದೇಶ: ವೈರಿ ನಾಡುಗಳ ಯುವ ವಾದಕರ 'ದಿವಾನ್'

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದಗಳಲ್ಲಿ ಒಂದು ಹಳೆಯ ಪದ್ಧತಿಯಿದೆ. ವಯೊಲಿನ್, ಚೆಲ್ಲೊ ಮೊದಲಾದ ತಂತಿವಾದ್ಯದವರು ಇಬ್ಬಿಬ್ಬರಾಗಿ ಕುಳಿತುಕೊಳ್ಳುತ್ತಾರೆ. ಇಬ್ಬರಿಗೂ ಸೇರಿ ಒಂದೇ ಸ್ಟ್ಯಾಂಡ್, ಅದರ ಮೇಲೆ ಒಂದೇ ಸ್ವರಲಿಪಿ. ಪುಟ ಮುಗಿದಾಗ ಒಬ್ಬರು ನುಡಿಸುವುದನ್ನು ನಿಲ್ಲಿಸಿ ಹಾಳೆ ತಿರುವಬೇಕು. ಇನ್ನೊಬ್ಬರು ನುಡಿಸುತ್ತಲೇ ಇರಬೇಕು. ಕಮಾನು ಮೇಲೇರುವುದೂ ಕೆಳಗಿಳಿಯುವುದೂ ಇಬ್ಬರದು ಒಟ್ಟಿಗೆ. ನಮ್ಮ ಕಛೇರಿಗಳಲ್ಲಿ ಪಿಟೀಲು ವಾದಕರಿಗಿರುವ ಮನೋಧರ್ಮದ ಸ್ವಾತಂತ್ರ್ಯ ಅಲ್ಲಿಲ್ಲ. ಪಕ್ಕದವರನ್ನು ಕೇಳಿಸಿಕೊಳ್ಳದೆ ಒಂದು ಸಾಲೂ ಮುಂದೆ ಸಾಗದು.

ಆ ಇಬ್ಬರಲ್ಲಿ ಒಬ್ಬರು ಇಸ್ರೇಲಿನವರು, ಮತ್ತೊಬ್ಬರು ಸಿರಿಯಾದವರಾದರೆ? ತಮ್ಮ ದೇಶಗಳಲ್ಲಿ ಪರಸ್ಪರ ಭೇಟಿಯಾಗುವ ಅವಕಾಶವೇ ಇಲ್ಲದ ಯುವಕ ಯುವತಿಯರು ಕೆಲವು ವಾರ ಒಂದೇ ಸೂರಿನಡಿ ಉಳಿದು, ಒಂದೇ ಹಾಳೆ ನೋಡಿ ನುಡಿಸಬೇಕಾಗಿ ಬಂದರೆ? ಈ ಪ್ರಶ್ನೆಯೊಂದಿಗೆ 1999ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ಆರಂಭವಾದ ವಸತಿ ಶಿಬಿರವೇ ಮುಂದೆ 'ವೆಸ್ಟ್-ಈಸ್ಟರ್ನ್ ದಿವಾನ್' ವಾದ್ಯವೃಂದವಾಗಿ ಬೆಳೆಯಿತು.

ಇಬ್ಬರು ಗೆಳೆಯರ ಕನಸು

ಶಿಬಿರದ ರೂವಾರಿಗಳು ಇಬ್ಬರು. ಒಬ್ಬರು ಅರ್ಜೆಂಟೀನಾದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಬೆಳೆದ ಪಿಯಾನೋ ವಾದಕ, ವಾದ್ಯವೃಂದ ನಿರ್ದೇಶಕ ಡೇನಿಯಲ್ ಬೇರೆನ್‌ಬಾಯ್ಮ್. ಇನ್ನೊಬ್ಬರು ಜೆರುಸಲೇಮಿನಲ್ಲಿ ಜನಿಸಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಬೋಧಿಸುತ್ತಿದ್ದ ಪ್ಯಾಲೆಸ್ಟೀನಿ ಚಿಂತಕ ಎಡ್ವರ್ಡ್ ಸಯೀದ್. 1990ರ ದಶಕದ ಆರಂಭದಲ್ಲಿ ಲಂಡನ್ನಿನ ಹೋಟೆಲೊಂದರ ಮೊಗಸಾಲೆಯಲ್ಲಿ ಆಕಸ್ಮಿಕವಾಗಿ ಭೇಟಿಯಾದ ಇವರದು ಮುಂದೆ ಗಾಢ ಸ್ನೇಹವಾಯಿತು.

'ದಿವಾನ್' ಎಂದೊಡನೆ ಕನ್ನಡಿಗರಿಗೆ ಮೈಸೂರು ಸಂಸ್ಥಾನದ ದಿವಾನರು ನೆನಪಾಗಬಹುದು. ಆದರೆ ಪರ್ಷಿಯನ್ ಭಾಷೆಯಿಂದ ಬಂದ ಈ ಪದಕ್ಕೆ ಕವನ ಸಂಕಲನವೆಂಬ ಅರ್ಥವೂ ಇದೆ. ಪರ್ಷಿಯಾದ ಕವಿ ಹಾಫಿಜ್‌ನಿಂದ ಪ್ರೇರಿತನಾದ ಜರ್ಮನ್ ಮಹಾಕವಿ ಗಯಟೆ 1819ರಲ್ಲಿ ಪ್ರಕಟಿಸಿದ ಸಂಕಲನದ ಹೆಸರನ್ನೇ ವಾದ್ಯವೃಂದಕ್ಕೆ ಇಡಲಾಯಿತು. 1999 ಗಯಟೆಯ 250ನೇ ಜನ್ಮವರ್ಷ. ಆತ ಬಾಳಿದ ವೈಮಾರ್ ಆ ವರ್ಷ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ಆದರೆ ನಾಜಿಗಳ ಬುಖೆನ್‌ವಾಲ್ಡ್ ಯಾತನಾ ಶಿಬಿರವಿದ್ದುದೂ ಇದೇ ನಗರದ ಸಮೀಪದಲ್ಲಿ. ಶಿಬಿರಾರ್ಥಿಗಳನ್ನು ಅಲ್ಲಿಗೂ ಕರೆದೊಯ್ಯಲಾಯಿತು.

ಹಗಲು ತಾಲೀಮು, ರಾತ್ರಿ ಚರ್ಚೆ

ಶಿಬಿರದ ದಿನಚರಿ ಸರಳವಾಗಿತ್ತು. ಹಗಲು ಬೇರೆನ್‌ಬಾಯ್ಮ್ ಅವರ ನೇತೃತ್ವದಲ್ಲಿ ತಾಲೀಮು. ರಾತ್ರಿ ಸಯೀದ್ ಅವರ ನೇತೃತ್ವದಲ್ಲಿ ಮಾತುಕತೆ. ಇಸ್ರೇಲ್, ಪ್ಯಾಲೆಸ್ಟೀನ್, ಸಿರಿಯಾ, ಲೆಬನಾನ್, ಜೋರ್ಡಾನ್, ಈಜಿಪ್ಟ್‌ಗಳಿಂದ ಬಂದವರ ಜತೆಗೆ ಕೆಲವು ಜರ್ಮನ್ ವಾದಕರೂ ಇದ್ದರು. ಹೆಸರಾಂತ ಚೆಲ್ಲೊ ವಾದಕ ಯೋ-ಯೋ ಮಾ ಕೂಡ ಭಾಗವಹಿಸಿದ್ದರು.

ಸಯೀದ್ ನೆನಪಿಸಿಕೊಂಡಿರುವ ಪ್ರಸಂಗವೊಂದು ಶಿಬಿರದ ಸ್ವರೂಪವನ್ನು ತಿಳಿಸುತ್ತದೆ. ಕೆಲವರು ರಾತ್ರಿ ಅರಬ್ ಸಂಗೀತ ನುಡಿಸತೊಡಗಿದರು. ಅರಬ್ಬರಲ್ಲದವರು ಸೇರಬಯಸಿದಾಗ, ಅರಬ್ಬರು ಮಾತ್ರ ಅರಬ್ ಸಂಗೀತ ನುಡಿಸಬಲ್ಲರೆಂಬ ಆಕ್ಷೇಪ ಎದ್ದಿತು. ಹಾಗಾದರೆ ಜರ್ಮನರಲ್ಲದ ನೀವು ಬೀಥೋವನ್‌ನನ್ನು ನುಡಿಸುವುದು ಹೇಗೆ ಎಂಬ ಮರುಪ್ರಶ್ನೆಯೂ ಬಂತು. ವಿಚಿತ್ರವೆಂದರೆ, ಆಕ್ಷೇಪಿಸಿದ ಹುಡುಗನೇ ಹತ್ತು ದಿನಗಳ ಬಳಿಕ ಅರಬ್ ಸ್ವರಶ್ರೇಣಿಗೆ ಚೆಲ್ಲೊ ಶ್ರುತಿ ಮಾಡುವುದು ಹೇಗೆಂದು ಯೋ-ಯೋ ಮಾ ಅವರಿಗೆ ಕಲಿಸುತ್ತಿದ್ದ! ಪಿಯಾನೋದ ಅಕ್ಕಪಕ್ಕದ ಎರಡು ಕೀಗಳ ನಡುವೆ ಬೀಳುವ ಸ್ವರಗಳು ಅರಬ್ ಸಂಗೀತದಲ್ಲಿವೆ. ಚೀನಿ ಮೂಲದ ವಾದಕನಿಗೆ ಅದನ್ನು ಕಲಿಸಲು ಆ ಹುಡುಗನಿಗೆ ಯಾವ ಅಡ್ಡಿಯೂ ಕಾಣಲಿಲ್ಲ.

ರಮಲ್ಲಾದ ಒಂದು ಸಂಜೆ

ಶಿಬಿರ 2001ರಲ್ಲಿ ಷಿಕಾಗೋದಲ್ಲಿ ನಡೆಯಿತು. 2002ರಿಂದ ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದ ಸರಕಾರ ಸೆವಿಲ್ಲಾದಲ್ಲಿ ನೆಲೆ ಒದಗಿಸಿತು. ಮುಸ್ಲಿಮರು, ಯಹೂದಿಗಳು, ಕ್ರೈಸ್ತರು ಒಂದು ಕಾಲದಲ್ಲಿ ಜತೆಯಾಗಿ ಬಾಳಿದ್ದ ನೆಲವದು ಎಂಬುದು ಇಲ್ಲಿ ಗಮನಾರ್ಹ. 2003ರಲ್ಲಿ ಸಯೀದ್ ನಿಧನರಾದರೂ ಶಿಬಿರ ನಿಲ್ಲಲಿಲ್ಲ.

ವಾದ್ಯವೃಂದದ ನಿಜವಾದ ಪರೀಕ್ಷೆ ನಡೆದದ್ದು 2005ರ ಆಗಸ್ಟ್ 21ರಂದು, ಪ್ಯಾಲೆಸ್ಟೀನಿನ ರಮಲ್ಲಾದಲ್ಲಿ. ಅಲ್ಲಿಗೆ ಪ್ರವೇಶಿಸಲು ಇಸ್ರೇಲಿ ಪ್ರಜೆಗಳಿಗೆ ತಮ್ಮ ದೇಶದ ಕಾನೂನೇ ಅಡ್ಡಿ. ಸಿರಿಯಾ, ಲೆಬನಾನ್‌ನವರು ಇಸ್ರೇಲಿ ನಿಯಂತ್ರಣದ ಗಡಿ ದಾಟಿದರೆ ತವರಿನಲ್ಲಿ ಅಪರಾಧಿಗಳಾಗುವ ಭಯ. ಕೊನೆಗೆ ಸ್ಪೇನ್ ಸರಕಾರ ವಾದಕರಿಗೆ ರಾಜತಾಂತ್ರಿಕ ಪಾಸ್‌ಪೋರ್ಟ್ ನೀಡಿ ದಾರಿ ತೆರೆಯಿತು. ಅರಬ್ಬರು ಮತ್ತು ಇಸ್ರೇಲಿಗಳು ಬೇರೆ ಬೇರೆ ಮಾರ್ಗಗಳಲ್ಲಿ ಬಂದು ಒಂದೇ ವೇದಿಕೆಯೇರಿದರು. ಬೀಥೋವನ್‌ನ ಐದನೇ ಸಿಂಫನಿ ಆ ಸಂಜೆಯ ಮುಖ್ಯ ಕೃತಿಯಾಗಿತ್ತು.

ಟೀಕೆಗೂ ಬರವಿಲ್ಲ

ಸಂಗೀತದಿಂದ ಯುದ್ಧ ನಿಂತೀತೇ? ನಿಲ್ಲಲಿಲ್ಲ. 2006ರಲ್ಲಿ ಇಸ್ರೇಲ್ ಮತ್ತು ಲೆಬನಾನಿನ ಹೆಜ್ಬೊಲ್ಲಾ ನಡುವೆ ಯುದ್ಧ ನಡೆದಾಗ ಲೆಬನಾನ್, ಸಿರಿಯಾದ ಅನೇಕ ವಾದಕರು ಶಿಬಿರಕ್ಕೆ ಬರಲಿಲ್ಲ. ಸಂಘರ್ಷಕ್ಕೆ ಸೈನಿಕ ಪರಿಹಾರವಿಲ್ಲವೆಂದು ಆ ವರ್ಷ ವಾದ್ಯವೃಂದದ ಪರವಾಗಿ ಘೋಷಣೆ ಹೊರಟಿತು.

2010ರಲ್ಲಿ ಪ್ಯಾಲೆಸ್ಟೀನಿ ಸಾಂಸ್ಕೃತಿಕ ಬಹಿಷ್ಕಾರ ಚಳವಳಿ ದಿವಾನ್ ವಿರುದ್ಧ ದನಿಯೆತ್ತಿತು. ಆಳುವವರು ಮತ್ತು ಆಳಿಸಿಕೊಳ್ಳುವವರನ್ನು ಸಮಾನರಂತೆ ತೋರಿಸಿದರೆ ಅನ್ಯಾಯ ಮರೆಯಾಗುತ್ತದೆ ಎಂಬುದು ಅದರ ವಾದ. ಸಯೀದ್ ಅವರ ಪತ್ನಿ ಮರಿಯಂ ಸಯೀದ್ ಈ ಟೀಕೆಯನ್ನು ಬಹಿರಂಗವಾಗಿಯೇ ಅಲ್ಲಗಳೆದರು. ಇತ್ತ ಇಸ್ರೇಲಿನಲ್ಲಿ ಬೇರೆನ್‌ಬಾಯ್ಮ್ ಅವರನ್ನು ದೇಶದ್ರೋಹಿ ಎಂದವರೂ ಇದ್ದರು. 2008ರಲ್ಲಿ ಅವರು ಪ್ಯಾಲೆಸ್ಟೀನಿ ಪಾಸ್‌ಪೋರ್ಟ್ ಸ್ವೀಕರಿಸಿದ್ದರು.

ಟೀಕಾಕಾರರ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ತಾಲೀಮಿನ ಕೊಠಡಿಯಲ್ಲಿರುವ ಸಮಾನತೆ ಗಡಿಯ ತಪಾಸಣಾ ಠಾಣೆಯಲ್ಲಿ ಇಲ್ಲ. ಇದನ್ನು ಸ್ಥಾಪಕರೂ ಬಲ್ಲವರೇ ಆಗಿದ್ದರು. ದಿವಾನ್ ಶಾಂತಿ ತರುವ ಯೋಜನೆಯಲ್ಲ, ಅಜ್ಞಾನದ ವಿರುದ್ಧದ ಯೋಜನೆ ಎಂದು ಬೇರೆನ್‌ಬಾಯ್ಮ್ ಹಲವು ಬಾರಿ ಸ್ಪಷ್ಟಪಡಿಸಿದ್ದಾರೆ. ಎದುರಾಳಿಯ ಮಾತನ್ನು ಒಪ್ಪಬೇಕೆಂದಿಲ್ಲ. ಆದರೆ ಅದನ್ನು ಕೊನೆಯವರೆಗೆ ಕೇಳುವ ತಾಳ್ಮೆ ಬೇಕು ಎಂಬುದಷ್ಟೇ ಶಿಬಿರದ ಪಾಠ. ತನ್ನ ಎಲ್ಲ ಸದಸ್ಯರ ತಾಯ್ನಾಡುಗಳಲ್ಲೂ ನುಡಿಸುವಂತಾದಾಗಲೇ ವಾದ್ಯವೃಂದ ಸಾರ್ಥಕವಾಗುವುದು ಎಂಬುದು ಅವರ ನಿಲುವು. ಆ ದಿನ ಇನ್ನೂ ಬಂದಿಲ್ಲ.

ಶಿಬಿರದಿಂದ ಶಾಲೆಗೆ

ಬೇಸಿಗೆಯ ಕೆಲವು ವಾರಗಳು ಸಾಲವೆಂಬ ಅರಿವಿನಿಂದ ಬರ್ಲಿನ್ನಿನಲ್ಲಿ 'ಬೇರೆನ್‌ಬಾಯ್ಮ್-ಸಯೀದ್ ಅಕಾಡೆಮಿ' ಹುಟ್ಟಿಕೊಂಡಿತು. ಸರಕಾರಿ ಒಪೆರಾದ ಹಳೆಯ ಉಗ್ರಾಣವನ್ನು ನವೀಕರಿಸಿ 2016ರ ಡಿಸೆಂಬರ್‌ನಲ್ಲಿ ಉದ್ಘಾಟಿಸಲಾಯಿತು. ವೆಚ್ಚದಲ್ಲಿ 2 ಕೋಟಿ ಯೂರೋಗಳನ್ನು ಜರ್ಮನಿಯ ಕೇಂದ್ರ ಸರಕಾರವೇ ಭರಿಸಿತು. 2017ರ ಮಾರ್ಚ್‌ನಲ್ಲಿ ಅದೇ ಕಟ್ಟಡದಲ್ಲಿ, ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ವಿನ್ಯಾಸಗೊಳಿಸಿದ ಅಂಡಾಕಾರದ ಪಿಯರ್ ಬುಲೇಜ್ ಸಭಾಂಗಣವೂ ತೆರೆಯಿತು. ಅಲ್ಲಿ ಶ್ರೋತೃಗಳು ವಾದಕರ ಸುತ್ತ ಕುಳಿತು ಸಂಗೀತ ಕೇಳುತ್ತಾರೆ. ಅಕಾಡೆಮಿಯಲ್ಲಿ ವಾದ್ಯದ ಜತೆಗೆ ತತ್ತ್ವಶಾಸ್ತ್ರ, ಇತಿಹಾಸ, ಸಾಹಿತ್ಯಗಳೂ ಪಠ್ಯದ ಭಾಗ. ಸಯೀದ್ ಅವರ ರಾತ್ರಿಯ ಚರ್ಚೆಗಳು ಹೀಗೆ ತರಗತಿಯ ರೂಪ ಪಡೆದವು.

2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ಅದರ ಬೆನ್ನಲ್ಲೇ ಗಾಜಾದಲ್ಲಿ ಭುಗಿಲೆದ್ದ ಯುದ್ಧ ಈ ಪ್ರಯೋಗಕ್ಕೆ ಅತ್ಯಂತ ಕಠಿಣ ಕಾಲವನ್ನು ತಂದೊಡ್ಡಿತು. ಎರಡೂ ಕಡೆಯ ವಿದ್ಯಾರ್ಥಿಗಳಿರುವ ಅಕಾಡೆಮಿ ಆಗಲೂ ಬಾಗಿಲು ಮುಚ್ಚಲಿಲ್ಲ. 2024ರಲ್ಲಿ ವಾದ್ಯವೃಂದ ತನ್ನ 25ನೇ ವರ್ಷದಲ್ಲಿ ಕಛೇರಿಗಳನ್ನು ನಡೆಸಿತು. ಸಯೀದ್ ಇಲ್ಲ, ಬೇರೆನ್‌ಬಾಯ್ಮ್ ತಮಗೆ ಪಾರ್ಕಿನ್‌ಸನ್ ಕಾಯಿಲೆಯಿರುವುದನ್ನು 2025ರ ಫೆಬ್ರವರಿಯಲ್ಲಿ ಪ್ರಕಟಿಸಿದರು. ಇನ್ನು ಮುಂದೆ ಈ ಕೆಲಸ ಉಳಿಯಬೇಕಾದರೆ, ಅದೇ ಸ್ಟ್ಯಾಂಡಿನ ಮುಂದೆ ಜತೆಯಾಗಿ ಕುಳಿತು ಬೆಳೆದ ವಾದಕರೇ ಅದನ್ನು ಮುಂದುವರಿಸಬೇಕಿದೆ.